ಸೇನಾ ವೈದ್ಯರ ಅಂಗಳಕ್ಕೊಂದು ಪ್ರವಾಸ

ವಿಶ್ವೇಶ್ವರಪುರಂನಲ್ಲಿ ಓದುವ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಎಂದರೆ ಎರಡೇ ದಾರಿ: ಡಾಕ್ಟರ್, ಇಲ್ಲವೇ ಎಂಜಿನಿಯರ್. ಕೆ.ಆರ್. ರಸ್ತೆಯ ಕಿಮ್ಸ್ ಆಸ್ಪತ್ರೆ ಮೊದಲನೆಯದನ್ನು ದಿನವೂ ನೆನಪಿಸುತ್ತದೆ. ಸಿಇಟಿ ಕೋಚಿಂಗಿನ ಫಲಕಗಳು ಎರಡನೆಯದನ್ನು. ಶಾಲೆಯ ಪ್ರವಾಸ ಹೊರಟರೂ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ, ನೆಹರೂ ತಾರಾಲಯ ನೋಡಿಕೊಂಡು ಬಸ್ಸು ಹಿಂತಿರುಗುತ್ತದೆ. ಒಳ್ಳೆಯ ಜಾಗಗಳೇ. ಆದರೆ ಅಲ್ಲಿ ವಿಜ್ಞಾನ ಕಾಣುತ್ತದೆ, ಅದನ್ನು ದಿನವಿಡೀ ಮಾಡುವ ಮನುಷ್ಯರು ಕಾಣುವುದಿಲ್ಲ. ಮುಂದೇನು ಓದಲಿ ಎಂದು ಯೋಚಿಸುವ ವಯಸ್ಸಿನವರು ನೋಡಬೇಕಾದದ್ದು ಆ ಮನುಷ್ಯರನ್ನು. ಅದಕ್ಕೆ ನಮ್ಮ ಊರಿನಲ್ಲಿ ಸೇನಾ ವೈದ್ಯಕೀಯದಷ್ಟು ತಕ್ಕ ಕ್ಷೇತ್ರ ಇನ್ನೊಂದಿಲ್ಲ ಎಂಬುದು ನನ್ನ ವಾದ.

ಹಳೇ ಏರ್‌ಪೋರ್ಟ್ ರಸ್ತೆಯಲ್ಲಿ ವಾಯುಪಡೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ. 1957ರಲ್ಲಿ ಶುರುವಾದದ್ದು. ಗಗನಯಾನದ ಪೈಲಟ್‌ಗಳ ಆಯ್ಕೆಗೆ ವೈದ್ಯಕೀಯ ಪರೀಕ್ಷೆ ನಡೆದದ್ದೂ ಇಲ್ಲೇ. ಯುದ್ಧವಿಮಾನ ವೇಗದಲ್ಲಿ ಥಟ್ಟನೆ ತಿರುಗಿದಾಗ ಪೈಲಟ್‌ನ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ಮಿದುಳಿಗೆ ರಕ್ತ ಸಾಲದೆ ಮೊದಲು ಕಣ್ಣು ಮಂಜಾಗುತ್ತದೆ, ಆಮೇಲೆ ಪ್ರಜ್ಞೆಯೇ ತಪ್ಪಬಹುದು. ಹೀಗೇಕೆ ಎಂದು ವಿವರಿಸುವುದು ಭೌತಶಾಸ್ತ್ರ. ದೇಹ ಎಷ್ಟು ತಡೆದೀತು ಎಂದು ಅಳೆಯುವುದು ವೈದ್ಯಕೀಯ. ಹೊಟ್ಟೆ, ಕಾಲುಗಳನ್ನು ಒತ್ತಿ ಹಿಡಿಯುವ ಉಡುಪು ಎಂಜಿನಿಯರಿನ ಕೆಲಸ. ಡಿಆರ್‌ಡಿಒದ ಡೆಬೆಲ್ ಪ್ರಯೋಗಾಲಯವೂ ಬೆಂಗಳೂರಿನದೇ. ತೇಜಸ್ ಪೈಲಟ್‌ಗೆ ಹಾರುತ್ತಲೇ ಆಮ್ಲಜನಕ ಒದಗಿಸಲು ಅದು ರೂಪಿಸಿದ ವ್ಯವಸ್ಥೆಯಲ್ಲಿ ಜಿಯೊಲೈಟ್ ಗಾಳಿಯ ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಮುಂದೆ ಬಿಡುತ್ತದೆ. 2021ರ ಕೋವಿಡ್ ಅಲೆಯಲ್ಲಿ ಇದೇ ತಂತ್ರಜ್ಞಾನ ಆಸ್ಪತ್ರೆಗಳ ಆಮ್ಲಜನಕ ಘಟಕವಾಯಿತು. ರಸಾಯನಶಾಸ್ತ್ರ ಇಷ್ಟಪಡುವ ಹುಡುಗಿಯೂ ರೋಗಿಯ ಉಸಿರಿಗೆ ನೆರವಾಗಬಲ್ಲಳು ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯ ಹೇಳೀತು?

ಮಕ್ಕಳನ್ನು ಯುದ್ಧದ ಕಡೆ ಸೆಳೆದಂತಾಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ತಳ್ಳಿಹಾಕುವಂಥ ಪ್ರಶ್ನೆಯಲ್ಲ. ಆದರೆ ಸೇನಾ ವೈದ್ಯರು ಕಂಡುಕೊಂಡದ್ದು ಸೇನೆಯೊಳಗೇ ಉಳಿದಿಲ್ಲ. 1883ರಲ್ಲಿ ಬೆಂಗಳೂರು ದಂಡಿನಲ್ಲಿ ವೈದ್ಯರಾಗಿದ್ದ ರೊನಾಲ್ಡ್ ರಾಸ್, ತಮ್ಮ ಬಂಗಲೆಯ ಕಿಟಕಿಯಾಚೆಯ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಯಾಗುವುದನ್ನು ಗಮನಿಸಿ ಅದನ್ನು ಬರಿದು ಮಾಡಿದರು, ಸೊಳ್ಳೆಕಾಟ ತಗ್ಗಿತು. 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡರು. 1902ರಲ್ಲಿ ನೊಬೆಲ್ ಬಂತು. ಡೆಂಗಿ ಕಾಲದಲ್ಲಿ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯರು ಇಂದಿಗೂ ನಿಂತ ನೀರನ್ನೇ ಹುಡುಕುತ್ತಾರೆ. ಗಾಯ ವಾಸಿಮಾಡುವ ವಿದ್ಯೆಯ ಜೊತೆಗೆ ಆ ಗಾಯ ಏಕಾಯಿತು ಎಂಬ ಪ್ರಶ್ನೆಯನ್ನೂ ಮೇಷ್ಟರು ಎತ್ತಲಿ. ಮುಚ್ಚಿಡುವುದಕ್ಕಿಂತ ಅದು ಮೇಲು.

ಇಂಥ ಜಾಗಗಳಿಗೆ ಸುಲಭವಾಗಿ ಬಿಡುವುದಿಲ್ಲ, ಮಾರ್ಕ್ಸ್ ತೆಗೆಯುವ ವರ್ಷದಲ್ಲಿ ಸಮಯವೂ ಇಲ್ಲ ಎನ್ನುವುದು ಇನ್ನೊಂದು ತಕರಾರು. ಅನುಮತಿ ಸಿಗದಿದ್ದರೆ ನಿವೃತ್ತ ಸೇನಾ ವೈದ್ಯರನ್ನು, ನರ್ಸುಗಳನ್ನು, ತಂತ್ರಜ್ಞರನ್ನು ಶಾಲೆಗೇ ಕರೆಸಬಹುದು. ಎಚ್. ನರಸಿಂಹಯ್ಯನವರು 1962ರಲ್ಲಿ ಕಟ್ಟಿದ ಬೆಂಗಳೂರು ಸೈನ್ಸ್ ಫೋರಂ ಪಕ್ಕದ ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ ಮಾಡಿದ್ದು ಅದನ್ನೇ: ವಿಜ್ಞಾನಿಗಳನ್ನು ಜನಸಾಮಾನ್ಯರ ಎದುರು ತಂದು ನಿಲ್ಲಿಸಿತು. ಇನ್ನು ಸಮಯದ ಮಾತು. ಮನಸ್ಸಿಗೊಗ್ಗದ ಕೋರ್ಸಿನಲ್ಲಿ ಕಳೆಯುವ ನಾಲ್ಕೈದು ವರ್ಷಗಳ ಮುಂದೆ ಒಂದು ದಿನದ ಪ್ರವಾಸ ಯಾವ ಲೆಕ್ಕ? ಹೋದ ಮಕ್ಕಳಲ್ಲಿ ಒಬ್ಬರೂ ಸೇನೆ ಸೇರದಿದ್ದರೂ ನಷ್ಟವಿಲ್ಲ. ಪಿಯುಸಿ ಅರ್ಜಿ ತುಂಬುವ ಮೊದಲು ತನಗೆ ಯಾವ ಕೆಲಸ ಹಿಡಿಸುತ್ತದೆಂದು ಮಗುವಿಗೆ ತಿಳಿದಿರಬೇಕು. ಅಷ್ಟು ತಿಳಿಸುವುದು ಶಾಲೆಯ ಹೊಣೆ.