ತೂಫಾನಿನ ನಡುವೆ ಎಂಜಿನ್ ಆಫ್

ಆರ್‌ಪಿಎಂ ಮುಳ್ಳು 1,400 ದಾಟಿತು. ಎಂಜಿನ್ನಿನ ಮೂತಿಯಿಂದ ಮತ್ತೆ ಆ ಕರಕರ ಶುರು. ಕಾಲಡಿಯ ಹಲಗೆ ನಡುಗಿತು, ಗೋಡೆಗೆ ಸಿಕ್ಕಿಸಿದ್ದ ಸ್ಪ್ಯಾನರುಗಳು ಒಂದಕ್ಕೊಂದು ತಾಗಿ ಕುಣಿದವು, ಆಲ್ಟರ್ನೇಟರಿನ ಬ್ರಾಕೆಟ್ಟು ಕಣ್ಣಿಗೆ ಎರಡಾಗಿ ಕಂಡಿತು. 1,550 ದಾಟುತ್ತಲೇ ಎಲ್ಲ ತಣ್ಣಗೆ. ಬೋಟು ನಡೆಸುವ ತಾಂಡೇಲರು ಮೇಲಿಂದ ಆಕ್ಸಿಲರೇಟರ್ ಇಳಿಸಿದರು. ಮುಳ್ಳು ಅದೇ ಜಾಗಕ್ಕೆ ಬಂತು, ಸದ್ದೂ ಬಂತು.

‘ಒಂದು ನಿಮಿಷ ಆಫ್ ಮಾಡಿ’ ಎಂದು ಏಣಿಯ ಬುಡದಿಂದ ಕೂಗಿದೆ.

‘ಈಗವಾ? ಗಾಳಿ ಕಾಣ್ತಾ ಇಲ್ವಾ ಮಾರಾಯ್ರೆ ನಿಮಗೆ?’

ಕಾಣುತ್ತಿತ್ತು. 2019ರ ಅಕ್ಟೋಬರ್ 24ರ ಸಂಜೆ. ಅರಬ್ಬೀ ಸಮುದ್ರದಲ್ಲಿ ವಾಯುಭಾರ ಕುಸಿದಿದೆ, ಎಲ್ಲ ಬೋಟುಗಳೂ ಹತ್ತಿರದ ಬಂದರು ಸೇರಿಕೊಳ್ಳಬೇಕು ಎಂದು ವಯರ್‌ಲೆಸ್ಸಿನಲ್ಲಿ ಬಿಡದೆ ಹೇಳುತ್ತಿದ್ದರು. ಮರುದಿನ ಅದಕ್ಕೆ ‘ಕ್ಯಾರ್’ ಎಂದು ಹೆಸರು ಬಿತ್ತು, 27ರ ಹೊತ್ತಿಗೆ ಅದು ಸೂಪರ್ ಸೈಕ್ಲೋನ್ ಆಯಿತು. ಆ ಸಂಜೆ ಮಾತ್ರ ಅದಿನ್ನೂ ಹೆಸರಿಲ್ಲದ ತೂಫಾನ್. ನಾವು ಕಾರವಾರದಿಂದ ಪಡುವಣಕ್ಕೆ ಬಹಳ ದೂರದಲ್ಲಿದ್ದೆವು. ಮಲ್ಪೆಗೆ ವಾಪಸಾಗುವ ಮಾತೇ ಇರಲಿಲ್ಲ, ಕಾರವಾರದ ಬೈತಖೋಲ ಬಂದರು ಮುಟ್ಟಿದರೆ ಸಾಕಿತ್ತು.

ಕಂದಿಕೆರೆಯವನಿಗೆ ಆಳಸಮುದ್ರದಲ್ಲಿ ಏನು ಕೆಲಸ ಎಂದು ನಮ್ಮೂರಲ್ಲಿ ಈಗಲೂ ಕೇಳುತ್ತಾರೆ. ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ನೀರೆಂದರೆ ಬೋರ್‌ವೆಲ್ಲಿನಿಂದ ತೋಟಕ್ಕೆ ಬರುವಷ್ಟು, ಮಳೆಯಾದ ವರ್ಷ ಕೆರೆಯಲ್ಲಿ ನಿಲ್ಲುವಷ್ಟು. ನಾನು ಕೆಲಸ ಕಲಿತದ್ದು ಸೋದರಮಾವನ ಶೆಡ್ಡಿನಲ್ಲಿ. ಪಂಪಿನ ಡೀಸೆಲ್ ಎಂಜಿನ್ನು, ನಾರಿನ ಮಿಲ್ಲಿನ ಮೋಟಾರು, ತಿಪಟೂರಿನಿಂದ ಕೊಬ್ಬರಿ ಹೇರಿಕೊಂಡು ಉತ್ತರದ ಕಡೆ ಹೋಗುವ ಲಾರಿಗಳು. ಲಾರಿಯ ಆರು ಸಿಲಿಂಡರ್ ಎಂಜಿನ್ನನ್ನೇ ಸಮುದ್ರಕ್ಕೆ ಒಗ್ಗಿಸಿ ಬೋಟಿಗೂ ಕೂರಿಸುತ್ತಾರೆ. ಹಾಗಾಗಿ ಕೆಲಸ ಹುಡುಕಿ ಮಲ್ಪೆಗೆ ಹೋದ ನನಗೆ ಹೊಸದಾಗಿ ಕಲಿಯಬೇಕಾದದ್ದು ಈಜು ಮಾತ್ರ. ಅದನ್ನು ಇವತ್ತಿಗೂ ಸರಿಯಾಗಿ ಕಲಿತಿಲ್ಲ.

ಈ ಬೋಟಿನ ಸದ್ದು ದಕ್ಕೆಯಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ನನಗಿಂತ ಮೊದಲು ನೋಡಿದವರು ಎಂಜಿನ್ನಿನ ಮೌಂಟಿಂಗ್ ರಬ್ಬರು ಬದಲಿಸಿದ್ದರು, ಕಪ್ಲಿಂಗಿನ ಅಲೈನ್‌ಮೆಂಟ್ ಸರಿಮಾಡಿದ್ದರು, ಪ್ರೊಪೆಲ್ಲರ್ ಬಿಚ್ಚಿ ತೂಕ ನೋಡಿ ಮತ್ತೆ ಹಾಕಿದ್ದರು. ಆದರೂ ಆಲ್ಟರ್ನೇಟರಿನ ಬೋಲ್ಟು ಪದೇ ಪದೇ ಸಡಿಲವಾಗುತ್ತಿತ್ತು, ಬೆಲ್ಟು ಪುಡಿ ಉದುರಿಸುತ್ತಿತ್ತು, ಮುಂದಿನ ಆಯಿಲ್ ಸೀಲು ಸೋರುತ್ತಿತ್ತು. ಬಲೆ ಎಳೆಯುವ ಲೋಡಿನಲ್ಲೇ ಕೇಳಬೇಕು ಅಂತ ಮಾಲೀಕರು ನನ್ನನ್ನೂ ಟ್ರಿಪ್ಪಿಗೆ ಹತ್ತಿಸಿದ್ದರು.

ಮಾವ ಹೇಳುತ್ತಿದ್ದದ್ದು: ‘ಸದ್ದು ಎಲ್ಲಿಂದ ಬತ್ತೈತೆ ಅಂತ ಹುಡುಕ್‌ಬ್ಯಾಡ ಕಣ್ಲಾ, ಯಾವಾಗ ಬತ್ತೈತೆ ನೋಡು.’ ಗೇರ್ ನ್ಯೂಟ್ರಲ್ಲಿಗೆ ತಂದು ಎಂಜಿನ್ನನ್ನಷ್ಟೇ ಏರಿಸಿದಾಗಲೂ 1,450ರ ಆಸುಪಾಸಿನಲ್ಲಿ ಸದ್ದು ಬಂದಿತ್ತು. ಹಾಗಾದರೆ ಪ್ರೊಪೆಲ್ಲರಿನದಲ್ಲ, ಶಾಫ್ಟಿನದಲ್ಲ. ಇಂಜೆಕ್ಟರ್ ಪೈಪಿನ ನಟ್ಟುಗಳನ್ನು ಒಂದೊಂದಾಗಿ ಸಡಿಲಿಸಿ ನೋಡಿದ್ದೆ, ಆರೂ ಸಿಲಿಂಡರು ಸಮನಾಗಿ ದುಡಿಯುತ್ತಿದ್ದವು. ಉಳಿದದ್ದು ಕ್ರ್ಯಾಂಕ್‌ಶಾಫ್ಟಿನ ಮುಂದಿನ ತುದಿಯಲ್ಲಿ ಕೂತಿರುವ ಡ್ಯಾಂಪರು. ಕಾರಿನವರು ಅದನ್ನೇ ಹಾರ್ಮೋನಿಕ್ ಬ್ಯಾಲೆನ್ಸರ್ ಅನ್ನುತ್ತಾರೆ. ಬೋಟಿನವರಿಗೆ ಅದೊಂದು ‘ರಬ್ಬರ್ ಪುಲ್ಲಿ’. ನಡುವೆ ಕಬ್ಬಿಣದ ಹಬ್ಬು, ಅದರ ಸುತ್ತ ಬೆರಳ ದಪ್ಪವೂ ಇಲ್ಲದ ರಬ್ಬರಿನ ಪಟ್ಟಿ, ಅದರ ಹೊರಗೆ ಭಾರದ ಕಬ್ಬಿಣದ ರಿಂಗು. ನಮ್ಮ ಎಂಜಿನ್ನಿನಲ್ಲಿ ಆ ರಿಂಗಿನ ಮೇಲೆಯೇ ಬೆಲ್ಟು ಕೂರುವ ಕಚ್ಚು. ಆ ಬೆಲ್ಟೇ ಉಪ್ಪುನೀರಿನ ಪಂಪು ಮತ್ತು ಆಲ್ಟರ್ನೇಟರನ್ನು ತಿರುಗಿಸಬೇಕು.

ಕತ್ತಲಾಗುವ ಮುಂಚೆ ಹಬ್ಬಿನಿಂದ ರಿಂಗಿನವರೆಗೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದಿದ್ದೆ. ಈಗ ಆ ಗೆರೆ ನೋಡಬೇಕಿತ್ತು.

ತಾಂಡೇಲರು ಬೈಯುತ್ತಲೇ ನಿಲ್ಲಿಸಿದರು. ಬೋಟು ಆಗಲೇ ಅಡ್ಡ ತಿರುಗತೊಡಗಿತ್ತು. ಟಾರ್ಚು ಬಿಟ್ಟೆ. ಹಬ್ಬಿನ ಮೇಲಿನ ಗೆರೆ ಒಂದು ಕಡೆ, ರಿಂಗಿನ ಮೇಲಿನದು ಅಂಗೈ ಅಗಲ ಹಿಂದೆ. ರಬ್ಬರು ಅಂಚಿನಲ್ಲಿ ಉಬ್ಬಿ ಹೊರಗೆ ಬಂದಿತ್ತು. ಆಯಿಲು ಕುಡಿದು ಮೆತ್ತಗಾಗಿದ್ದ ಅದು ಉಗುರಿಗೆ ಕಪ್ಪಗೆ ಅಂಟಿತು. ರಿಂಗು ಹಬ್ಬಿನ ಮೇಲೆ ಜಾರುತ್ತಿದೆ. ಇನ್ನು ಅನುಮಾನವಿರಲಿಲ್ಲ.

‘ಸ್ಟಾರ್ಟ್ ಮಾಡಿ! 1,200 ದಾಟಿಸಬೇಡಿ!’

‘1,200ರಲ್ಲಿ ಈ ತೆರೆಗೆ ತಲೆ ಕೊಡ್ಲಿಕ್ಕೆ ಆಗ್ತದಾ?’

‘ದಾಟಿಸಿದ್ರೆ ಕ್ರ್ಯಾಂಕು ತುಂಡಾಗುತ್ತೆ ಅಣ್ಣ!’

ಅವರಿಗದು ಹೆದರಿಸುವ ಮಾತಿನಂತೆ ಕೇಳಿಸಿರಬೇಕು. ನಮ್ಮೂರಿನ ಒಂದೇ ಸಿಲಿಂಡರಿನ ಪಂಪಿನ ಎಂಜಿನ್ನಿನಲ್ಲಿ ಕ್ರ್ಯಾಂಕು ಗಿಡ್ಡ, ದಪ್ಪ. ಹೊಡೆತ ಬಿದ್ದರೆ ಚಕ್ರ ನುಂಗಿಕೊಳ್ಳುತ್ತದೆ. ಆರು ಸಿಲಿಂಡರಿನದು ಉದ್ದ. ಎರಡು ಸುತ್ತಿಗೆ ಆರು ಹೊಡೆತ. ಪ್ರತಿ ಹೊಡೆತಕ್ಕೂ ಆ ಉಕ್ಕು ಅಂಗೈಯಲ್ಲಿ ಹೊಸೆಯುವ ತೆಂಗಿನ ನಾರಿನ ಎಳೆಯ ಹಾಗೆ ಒಂದಿಷ್ಟು ತಿರುಚಿಕೊಂಡು, ಬಿಟ್ಟ ಕೂಡಲೇ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವಷ್ಟಲ್ಲ. ಆದರೆ ಒಂದು ವೇಗದಲ್ಲಿ ಹೊಡೆತದ ಲಯವೂ ಬಿಚ್ಚಿಕೊಳ್ಳುವ ಲಯವೂ ಕೂಡಿಬಿಡುತ್ತವೆ. ಆಗ ತಿರುಚು ಏರುತ್ತಲೇ ಹೋಗುತ್ತದೆ. ಮುಂದಿನ ಗೇರುಗಳು ಹಲ್ಲು ಕಡಿಯುವುದು ಆಗಲೇ. ಡ್ಯಾಂಪರಿನ ಹೊರರಿಂಗು ತನ್ನ ಭಾರದಿಂದ ಒಂದೇ ಸಮನೆ ತಿರುಗಲು ನೋಡುತ್ತದೆ, ಹಬ್ಬು ಹಿಂದೆ ಮುಂದೆ ಜಗ್ಗುತ್ತದೆ, ನಡುವಿನ ರಬ್ಬರು ಆ ಜಗ್ಗಾಟವನ್ನು ಬಿಸಿಯಾಗಿ ತಿಂದುಹಾಕುತ್ತದೆ. ರಬ್ಬರು ಸತ್ತ ಮೇಲೆ ಕ್ರ್ಯಾಂಕನ್ನು ಕಾಯುವವರಿಲ್ಲ.

ಇದು ಬೋಟಿನವರ ಪಾಡು ಮಾತ್ರವಲ್ಲ. 1929ರ ಮೇ ತಿಂಗಳಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಹೊರಟ ಗ್ರಾಫ್ ಜೆಪ್ಪೆಲಿನ್ ಎಂಬ ದೈತ್ಯ ಆಕಾಶನೌಕೆಯ ಐದು ಎಂಜಿನ್ನುಗಳಲ್ಲಿ ನಾಲ್ಕು ಒಂದರ ಹಿಂದೊಂದು ಕೈಕೊಟ್ಟವು. ಕ್ರ್ಯಾಂಕ್‌ಶಾಫ್ಟುಗಳು ಈ ತಿರುಚಾಟ ತಾಳಲಾರದೆ ಹೋಗಿದ್ದವು. ಎದುರುಗಾಳಿ ಸಮುದ್ರದ ಕಡೆಗೆ ತಳ್ಳುತ್ತಿದ್ದಾಗ ಕ್ಯಾಪ್ಟನ್ ಹ್ಯೂಗೋ ಎಕೆನರ್ ಉಳಿದ ಒಂದೇ ಎಂಜಿನ್ನಿನಲ್ಲಿ ಹೆಣಗಾಡಿ ಫ್ರಾನ್ಸಿನ ತುಲೋನ್ ಬಳಿಯ ಕ್ಯೂರ್ಸಿನಲ್ಲಿ ಇಳಿಸಿದರು. ಅವರಿಗೆ ಉಳಿದದ್ದು ಒಂದಾದರೂ ಇತ್ತು. ನಮಗಿದ್ದದ್ದೇ ಒಂದು.

1,150ರಲ್ಲಿ ಹೊರಟೆವು. ಮೇಲೆ ಏನಾಗುತ್ತಿದೆ ಎಂದು ನನಗೆ ಹೊಟ್ಟೆಯೇ ಹೇಳುತ್ತಿತ್ತು. ಬೋಟು ಏರುತ್ತದೆ, ಏರುತ್ತದೆ, ಒಂದು ಗಳಿಗೆ ನಿಲ್ಲುತ್ತದೆ, ಆಮೇಲೆ ಧಡ್ ಎಂದು ಬೀಳುತ್ತದೆ. ಬಿದ್ದಾಗ ಪ್ರೊಪೆಲ್ಲರ್ ನೀರಿನಿಂದ ಹೊರಬಂದು ಎಂಜಿನ್ ತಾನಾಗಿ ಏರಿಬಿಡುತ್ತಿತ್ತು. 1,300, 1,400, ಕರಕರ. ಪ್ರತಿ ಸಲವೂ ನಾನು ಹಲ್ಲು ಕಚ್ಚುತ್ತಿದ್ದೆ. ಟೆಂಪರೇಚರ್ ಮುಳ್ಳು ಹಸಿರು ಬಿಟ್ಟು ಮೇಲೇರತೊಡಗಿತು. ರಿಂಗು ಜಾರಿದಷ್ಟೂ ಬೆಲ್ಟು ನಿಧಾನ, ಬೆಲ್ಟು ನಿಧಾನವಾದಷ್ಟೂ ಎಂಜಿನ್ನಿಗೆ ನೀರು ಕಡಿಮೆ. ನಡುರಾತ್ರಿಯ ಹೊತ್ತಿಗೆ ರಿಂಗು ಮುಂದಕ್ಕೆ ಸರಿದು ಬೆಲ್ಟಿನ ಕಬ್ಬಿಣದ ಕವರಿಗೆ ಉಜ್ಜಿತು. ಕಿಡಿ. ರಬ್ಬರು ಸುಟ್ಟ ನಾತ. ಬೆಲ್ಟು ಹಾರಿ ನನ್ನ ಕಿವಿಯ ಪಕ್ಕ ಗೋಡೆಗೆ ಬಡಿಯಿತು. ಸೊಟ್ಟಗೆ ತಿರುಗುತ್ತಿದ್ದ ರಿಂಗಿನ ಅಂಚು ಪಕ್ಕದ ಹೋಸನ್ನು ಕೊಯ್ದೇಬಿಟ್ಟಿತು.

ಮುಖಕ್ಕೆ ಉಪ್ಪುನೀರು ರಾಚಿತು.

ಕಣ್ಣು ಮುಚ್ಚಿಕೊಂಡೇ ಕೆಳಗೆ ಬಗ್ಗಿ ತಡಕಿದೆ. ಬೋಟಿನ ತಳದಿಂದ ನೀರೆಳೆಯುವ ಪೈಪಿನ ವಾಲ್ವು ಎಲ್ಲಿದೆ ಎಂದು ಹತ್ತಿದ ದಿನವೇ ಕೈಯಿಂದ ಮುಟ್ಟಿ ನೋಡಿಟ್ಟುಕೊಂಡಿದ್ದೆ. ಈಜು ಬಾರದವನಿಗೆ ಅಷ್ಟು ಎಚ್ಚರ ಇದ್ದೇ ಇರುತ್ತದೆ. ತಿರುಗಿಸಿದೆ. ಬಿಗಿ. ಎರಡೂ ಕೈ ಹಾಕಿ ತಿರುಗಿಸಿದೆ. ನೀರು ನಿಂತಿತು. ಅಷ್ಟರಲ್ಲಿ ಮೊಣಕಾಲಿನವರೆಗೆ ಬಂದಿತ್ತು. ಎಂಜಿನ್ನನ್ನು ನಾನೇ ಆಫ್ ಮಾಡಿದೆ.

ಎಂಜಿನ್ ಸದ್ದಿಲ್ಲದ ಬೋಟಿನಲ್ಲಿ ತೂಫಾನಿನ ಸದ್ದು ಎಷ್ಟಿರುತ್ತದೆ ಎಂದು ಆಗ ಗೊತ್ತಾಯಿತು.

ಅಡ್ಡ ಬಿದ್ದ ಬೋಟಿಗೆ ಪಕ್ಕದಿಂದ ತೆರೆ ಹೊಡೆದರೆ ಮಗುಚುತ್ತದೆ. ಮೇಲೆ ತಾಂಡೇಲರ ದನಿ ಒಮ್ಮೆಲೇ ಬದಲಾಗಿತ್ತು, ಬೈಗುಳವೇ ಇಲ್ಲ. ಕಲಾಸಿಗಳು ಇಡೀ ಬಲೆಯನ್ನು ದಪ್ಪ ರೋಪಿಗೆ ಕಟ್ಟಿ ಮುಂಭಾಗದಿಂದ ನೀರಿಗೆ ಇಳಿಸಿದರು. ಬಲೆ ನೀರು ಹಿಡಿದು ಭಾರವಾಗಿ ಎಳೆಯಿತು, ಬೋಟಿನ ಮೂತಿ ನಿಧಾನ ತೆರೆಯತ್ತ ತಿರುಗಿತು. ಮೀನು ಹಿಡಿಯುವ ಬಲೆ ಅವತ್ತು ನಮ್ಮನ್ನು ಹಿಡಿದುಕೊಂಡಿತು. ಯಾರೂ ಹೆಸರೆತ್ತಲಿಲ್ಲ, ಆದರೆ ಎಲ್ಲರ ತಲೆಯಲ್ಲೂ ‘ಸುವರ್ಣ ತ್ರಿಭುಜ’ ಇತ್ತು. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟು ಏಳು ಮಂದಿಯೊಂದಿಗೆ ಕಾಣೆಯಾದ ಬೋಟು. ಮರುವರ್ಷ ಮೇ ತಿಂಗಳಲ್ಲಿ ನೌಕಾಪಡೆಗೆ ಮಾಲ್ವಣದಾಚೆ ಕಡಲ ತಳದಲ್ಲಿ ಅದರ ಅವಶೇಷ ಸಿಕ್ಕಿತ್ತು.

ವಯರ್‌ಲೆಸ್ಸಿನಲ್ಲಿ ನಮ್ಮ ಮಾಲೀಕರದೇ ಇನ್ನೊಂದು ಬೋಟು ಸಿಕ್ಕಿತು. ಅದರಲ್ಲೂ ನಮ್ಮದೇ ಮಾದರಿಯ ಎಂಜಿನ್ನು. ಈ ತೆರೆಯಲ್ಲಿ ನಮ್ಮನ್ನು ಕಟ್ಟಿ ಎಳೆದರೆ ರೋಪು ತುಂಡಾಗುತ್ತದೆ, ಇಲ್ಲವೇ ಎರಡೂ ಬೋಟು ಡಿಕ್ಕಿ ಹೊಡೆಯುತ್ತವೆ ಎಂದರು ಅಲ್ಲಿಯ ತಾಂಡೇಲರು. ನಾನು ಮೈಕು ಕಿತ್ತುಕೊಂಡು ರಬ್ಬರ್ ಪುಲ್ಲಿ ಕೇಳಿದೆ. ಎಂಜಿನ್ ಬಿಚ್ಚಿ ಕಟ್ಟಿದಾಗ ಹೊಸದು ಹಾಕಿ, ಹಳೆಯದನ್ನು ಬಿಸಾಡಲು ಮನಸ್ಸಾಗದೆ ಮಲಗುವ ಹಲಗೆಯ ಕೆಳಗೆ ಇಟ್ಟಿದ್ದರಂತೆ. ಹಳೆ ಸಾಮಾನು ಬಿಸಾಡದ ಜನರನ್ನು ನಾನು ಅಂದಿನಿಂದ ಹಾಸ್ಯ ಮಾಡಿಲ್ಲ.

ಅವರು ಗಾಳಿಯ ಮೇಲ್ಗಡೆ ಬಂದು ನಿಂತರು. ಲೈಟು ಕಾಣುತ್ತದೆ, ತೆರೆಯ ಹಿಂದೆ ಮುಳುಗುತ್ತದೆ, ಮತ್ತೆ ಕಾಣುತ್ತದೆ. ಗೋಣಿಯಲ್ಲಿ ಸುತ್ತಿದ ಡ್ಯಾಂಪರನ್ನು ಎರಡು ಖಾಲಿ ಡೀಸೆಲ್ ಕ್ಯಾನುಗಳ ನಡುವೆ ಕಟ್ಟಿ ರೋಪು ಸಮೇತ ನೀರಿಗೆ ಬಿಟ್ಟರು. ಗಾಳಿಯೇ ತರಬೇಕು. ತಂದಿತು, ಆದರೆ ನಮ್ಮ ಹಿಂಭಾಗದಿಂದ ಆಚೆಗೆ. ಒಬ್ಬ ಹುಡುಗ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಕೊಕ್ಕೆಯ ಗಳು ಹಿಡಿದು ಅಂಚಿನಾಚೆ ಬಗ್ಗಿದ. ತೆರೆ ಅವನ ಮೇಲೆ ಹಾದುಹೋಯಿತು. ನೀರು ಇಳಿದಾಗ ಅವನು ಅಲ್ಲೇ ಇದ್ದ, ಕೊಕ್ಕೆ ರೋಪಿನಲ್ಲಿತ್ತು.

ಅಂಗಾತ ಮಲಗಿ ಟಾರ್ಚನ್ನು ಬಾಯಲ್ಲಿ ಕಚ್ಚಿಕೊಂಡು ಕೆಲಸ ಶುರುಮಾಡಿದೆ. ಬಂದದ್ದನ್ನು ಮೊದಲು ನೋಡಿದೆ: ರಬ್ಬರಿನಲ್ಲಿ ಬಿರುಕಿಲ್ಲ, ಕೀಲಿಯ ಕಚ್ಚು ಅಷ್ಟೇ ಅಗಲ, ಬೆಲ್ಟಿನ ಕಚ್ಚುಗಳೂ ಸರಿ. ಫ್ಲೈವೀಲಿನ ಹಲ್ಲಿಗೆ ಒಬ್ಬ ಸಲಾಕೆ ಕೊಟ್ಟು ಹಿಡಿದ. ನಡುವಿನ ದೊಡ್ಡ ಬೋಲ್ಟಿಗೆ ಸಾಕೆಟ್ಟು, ಸಾಕೆಟ್ಟಿನ ಹಿಡಿಗೆ ಉದ್ದದ ಪೈಪು, ಪೈಪಿಗೆ ಇಬ್ಬರು. ಟಪ್ ಎಂದು ಬಿಟ್ಟಿತು. ಹಬ್ಬು ಮಾತ್ರ ಕದಲಲಿಲ್ಲ. ಸುತ್ತಿಗೆ ಎತ್ತಿದವನ ಕೈ ಹಿಡಿದೆ. ಡ್ಯಾಂಪರಿಗೆ ಹೊಡೆದ ಪೆಟ್ಟು ಕ್ರ್ಯಾಂಕಿನ ಬೇರಿಂಗಿಗೆ ಹೋಗುತ್ತದೆ. ರಿಂಗಿಗೆ ಕೊಕ್ಕೆ ಹಾಕಿ ಎಳೆದರೆ ರಿಂಗಷ್ಟೇ ಕಳಚಿ ಹಬ್ಬು ಅಲ್ಲೇ ಉಳಿಯುತ್ತದೆ. ಹಬ್ಬಿನಲ್ಲಿರುವ ಥ್ರೆಡ್ಡಿನ ತೂತುಗಳಿಗೆ ಬೋಲ್ಟು ಕೊಟ್ಟೇ ಎಳೆಯಬೇಕು. ಪುಲ್ಲರ್ ಇರಲಿಲ್ಲ. ತೂತುಗಳಿದ್ದ ಒಂದು ದಪ್ಪ ಕಬ್ಬಿಣದ ಪಟ್ಟಿ ವಿಂಚಿನ ಬಳಿ ಸಿಕ್ಕಿತು. ಅದಕ್ಕೆ ಎರಡು ಉದ್ದ ಬೋಲ್ಟು, ಪಟ್ಟಿಗೂ ಕ್ರ್ಯಾಂಕಿನ ತುದಿಗೂ ನಡುವೆ ಒಂದು ಕಬ್ಬಿಣದ ತುಂಡು. ಒಮ್ಮೆ ಈ ಬೋಲ್ಟಿಗೆ ಕಾಲು ಸುತ್ತು, ಒಮ್ಮೆ ಆ ಬೋಲ್ಟಿಗೆ. ಪಟ್ಟಿ ಬಾಗಿತು, ಹಬ್ಬು ಬರಲಿಲ್ಲ. ಡೀಸೆಲ್ ನಾತದ ಆ ಗುಂಡಿಯಲ್ಲಿ ಬೆಂಕಿ ತೋರಿಸುವಂತಿರಲಿಲ್ಲ. ಅಡುಗೆಯವನು ಗ್ಯಾಸಿನ ಮೇಲೆ ಪಾತ್ರೆಯನ್ನು ಕೈಯಲ್ಲೇ ಹಿಡಿದು ನಿಂತು ಕುದಿನೀರು ಕಾಯಿಸಿ ಕೊಟ್ಟ. ಅರ್ಧ ಹಬ್ಬಿನ ಮೇಲೆ ಬಿತ್ತು, ಅರ್ಧ ನನ್ನ ತೋಳಿನ ಮೇಲೆ. ಮತ್ತೆ ಕಾಲು ಸುತ್ತು. ಕಿರ್ರ್ ಎಂದು ಕೂದಲೆಳೆಯಷ್ಟು ಸರಿಯಿತು. ಆಮೇಲೆ ಬಂತು.

ಕ್ರ್ಯಾಂಕಿನ ತುದಿ ಒರೆಸಿ, ಕೀಲಿ ಕೂರಿಸಿ, ಸೀಲಿನ ತುಟಿಗೆ ಆಯಿಲು ಸವರಿ, ಬದಲಿ ಡ್ಯಾಂಪರನ್ನು ಬೋಲ್ಟಿನಿಂದಲೇ ನಿಧಾನ ಒಳಗೆಳೆದೆ. ಬೋಟು ವಾಲಿದಾಗಲೆಲ್ಲ ಕೆಲಸ ನಿಲ್ಲಿಸಿ ಅದನ್ನು ಎದೆಗೆ ಒತ್ತಿ ಹಿಡಿಯಬೇಕಿತ್ತು. ನೀರಿನಲ್ಲಿ ಕೀಲಿ ಬಿದ್ದುಹೋದರೆ ಹುಡುಕುವವರಾರು? ಕೊಯ್ದ ಹೋಸಿನ ಬದಲು ಐಸ್ ತೊಳೆಯುವ ಪೈಪಿನ ತುಂಡು, ಎರಡೂ ತುದಿಗೆ ಕ್ಲಾಂಪು. ಹೊಸ ಬೆಲ್ಟು. ಹಬ್ಬಿನಿಂದ ರಿಂಗಿಗೆ ಹೊಸ ಬಿಳಿ ಗೆರೆ. ವಾಲ್ವು ತೆರೆದೆ. ಹೋಸು ತಡೆದುಕೊಂಡಿತು.

‘ನೋಡುವ, ಹೊಡೀರಿ’ ಎಂದರು ತಾಂಡೇಲರು.

ಎಂಜಿನ್ ಹಿಡಿಯಿತು. 1,100. 1,300. 1,400. ಗಾಳಿ, ತೆರೆ, ಎಲ್ಲದರ ನಡುವೆ ನನ್ನ ಕಿವಿ ಆ ಒಂದು ಸದ್ದಿಗೆ ಮಾತ್ರ ಕಾದಿತ್ತು. 1,450. 1,500. ಬರಲಿಲ್ಲ. ‘ಬಲೆ ಕಡೀರಿ!’ ಎಂಬ ಕೂಗು ಮೇಲೆ ಕೇಳಿಸಿತು. ಎತ್ತುವ ಹೊತ್ತಿಲ್ಲ, ಅಷ್ಟು ಬೆಲೆಯ ಬಲೆ ಸಮುದ್ರಕ್ಕೇ ಹೋಯಿತು. ಬೋಟು ಮುನ್ನುಗ್ಗಿತು.

ಕಾರವಾರದೆದುರಿನ ದೇವಗಡ ದ್ವೀಪದ ದೀಪಸ್ತಂಭದ ಬೆಳಕು ಮಳೆಯ ನಡುವೆ ಮೊದಲು ಕಂಡದ್ದು ಕೊಕ್ಕೆಯ ಹುಡುಗನಿಗೆ. ಬೆಳಗಾದಾಗ ಬೈತಖೋಲದಲ್ಲಿ ಬೋಟಿಗೆ ಬೋಟು ಅಂಟಿಕೊಂಡು ನಿಂತಿದ್ದವು. ಕರ್ನಾಟಕದವಲ್ಲದೆ ಹೊರ ರಾಜ್ಯಗಳವೂ ಇದ್ದವು. ಒಂದರಿಂದ ಇನ್ನೊಂದಕ್ಕೆ ಹಾರಿಕೊಂಡೇ ದಡ ಸೇರಿದೆವು. ದೀಪಾವಳಿ ಅಲ್ಲೇ ಆಯಿತು.

ಮಲ್ಪೆಗೆ ಬಂದ ಮೇಲೆ ಹೊಸ ಡ್ಯಾಂಪರು ತರಿಸಿದೆವು. ತೂಫಾನಿನಲ್ಲಿ ನಡೆದದ್ದು ತುರ್ತಿನ ಕೆಲಸ, ಅದರ ಮೇಲೆ ಇನ್ನೊಂದು ಸೀಸನ್ ಓಡಿಸುವಂತಿಲ್ಲ. ಸೀಲು ಕೂರುವ ಜಾಗದಲ್ಲಿ ಗೀರು ಬಿದ್ದಿತ್ತು, ಸ್ಲೀವು ಹಾಕಿ ಸರಿಮಾಡಿದೆ. ಡೀಸೆಲ್ ಪಂಪಿನ ಟೈಮಿಂಗನ್ನು ಯಾರೋ ಜಾರಿದ ರಿಂಗಿನ ಗುರುತು ನಂಬಿ ಇಟ್ಟಿದ್ದರು, ಅದನ್ನು ಮೊದಲ ಪಿಸ್ಟನ್ನಿನ ಮೇಲ್ತುದಿ ಹಿಡಿದು ಮತ್ತೆ ಇಟ್ಟೆ. ಆಯಿಲ್ ಸಂಪು ಇಳಿಸಿ, ಕ್ರ್ಯಾಂಕಿಗೆ ಬಿರುಕು ತೋರಿಸುವ ಕೆಂಪು ಬಣ್ಣ ಹೊಡೆದು, ಒರೆಸಿ, ಬಿಳಿ ಪುಡಿ ಸಿಂಪಡಿಸಿ ಕಾದೆವು. ಕೆಂಪು ಗೆರೆ ಎಲ್ಲೂ ಏಳಲಿಲ್ಲ. ಮಾಲೀಕರು ಬಿಲ್ಲು ನೋಡಿ, ಒಂದು ರಬ್ಬರ್ ಪುಲ್ಲಿಗೆ ಇಷ್ಟಾ ಎಂದರು. ಪಕ್ಕದಲ್ಲಿದ್ದ ತಾಂಡೇಲರು ಅವರನ್ನು ಆಚೆ ಕರೆದುಕೊಂಡು ಹೋಗಿ ಬಲೆಯ ಲೆಕ್ಕ ಶುರುಮಾಡಿದರು.