ಜವಳಿಯ ನೆಪದಲ್ಲಿ ದಂಡಿನ ದರ್ಶನ

ಮದುವೆ ಗೊತ್ತಾದ ಮನೆಯಲ್ಲಿ ಮೊದಲು ಏಳುವ ಮಾತು ಜವಳಿಯದು. ಊರಿನ ಅಂಗಡಿ ಸಾಲದೆ ಹುಬ್ಬಳ್ಳಿ ಅಥವಾ ದಾವಣಗೆರೆ, ಅದೂ ಸಾಲದೆ ಬೆಂಗಳೂರು. ಬೆಂಗಳೂರೆಂದೊಡನೆ ಹಿರಿಯರ ಬಾಯಲ್ಲಿ ಚಿಕ್ಕಪೇಟೆಯ ಹೆಸರು ಬಂದರೆ, ಕಿರಿಯರ ಬಾಯಲ್ಲಿ ಕಮರ್ಷಿಯಲ್ ಸ್ಟ್ರೀಟಿನ ಹೆಸರು ಬರುತ್ತದೆ. ಶನಿವಾರ ನಸುಕಿನಲ್ಲಿ ರೈಲಿನಿಂದ ಇಳಿದು ಭಾನುವಾರ ರಾತ್ರಿ ಮರಳಿ ಹತ್ತುವ ಈ ಎರಡು ದಿನಗಳ ಓಡಾಟದಲ್ಲಿ ಕೈಯ ಹಣವೂ ಕಾಲಿನ ಬಲವೂ ಕರಗಿ, ಏನು ನೋಡಿ ಬಂದಿರಿ ಎಂದು ಯಾರಾದರೂ ಕೇಳಿದರೆ ಚೀಲಗಳನ್ನು ಮಾತ್ರ ತೋರಿಸುವಂತಾಗುತ್ತದೆ. ಹಾಗಾಗದಂತೆ ಜವಳಿಯನ್ನೂ ತೆಗೆದು, ಅದರ ನೆಪದಲ್ಲಿ ರಾಜಧಾನಿಯ ಒಂದು ವಿಶಿಷ್ಟ ಭಾಗವನ್ನು ಮಕ್ಕಳಿಗೆ ತೋರಿಸಿ ಬರುವುದು ಹೇಗೆಂಬುದನ್ನು ಇಲ್ಲಿ ಬಂಧುಗಳ ಮುಂದಿಡುತ್ತಿದ್ದೇವೆ.

ನಾವು ಈ ಮಾತಿಗೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ನಮ್ಮ ಮಕ್ಕಳಲ್ಲಿ ಅನೇಕರು ಒಂದೇ ಓಣಿ, ಒಂದೇ ನೆಂಟರ ಬಳಗ, ಒಂದೇ ಬಗೆಯ ಅಡುಗೆಯ ನಡುವೆ ಬೆಳೆಯುತ್ತಾರೆ. ಓದು ಮುಗಿಸಿ ನೌಕರಿಗೆಂದು ನಗರಕ್ಕೆ ಬಂದ ದಿನವೇ ಅವರು ಬೇರೆ ಭಾಷೆ, ಬೇರೆ ಮತ, ಬೇರೆ ಆಹಾರದವರ ಜೊತೆ ಒಂದೇ ಸೂರಿನಡಿ ಬಾಳಬೇಕಾಗುತ್ತದೆ. ಆಗ ಕೆಲವರು ಅಂಜುತ್ತಾರೆ, ಕೆಲವರು ತಾತ್ಸಾರ ತಾಳುತ್ತಾರೆ. ತಾಯಿತಂದೆಯರ ಕೈಹಿಡಿದು ನಡೆಯುವ ವಯಸ್ಸಿನಲ್ಲಿಯೇ ಇಂತಹ ನೆರೆಹೊರೆಯನ್ನು ಕಂಡ ಮಗುವಿಗೆ ಎರಡೂ ಬರಲಾರವು.

ಇದಕ್ಕೆ ಕಮರ್ಷಿಯಲ್ ಸ್ಟ್ರೀಟ್ ಮತ್ತು ಅದರ ಸುತ್ತಿನ ಶಿವಾಜಿನಗರ, ಹಲಸೂರುಗಳಿಗಿಂತ ತಕ್ಕ ಸ್ಥಳ ದುರ್ಲಭ. ಬ್ರಿಟಿಷರು 1809ರಲ್ಲಿ ಶ್ರೀರಂಗಪಟ್ಟಣದಿಂದ ತಮ್ಮ ಸೈನ್ಯವನ್ನು ತಂದು ಕೆಂಪೇಗೌಡರ ಪೇಟೆಯ ಪೂರ್ವಕ್ಕೆ ನೆಲೆಗೊಳಿಸಿದರು. ಅದನ್ನೇ ನಮ್ಮ ಜನ 'ದಂಡು' ಎಂದು ಕರೆದರು. 1864ರಲ್ಲಿ ರೈಲು ಕಂಡ ಇಲ್ಲಿನ ನಿಲ್ದಾಣದ ಫಲಕದಲ್ಲಿ ಆ ಹೆಸರು ಇಂದಿಗೂ ಉಳಿದಿದೆ. 1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿದಾಗಲೂ ದಂಡು ಬ್ರಿಟಿಷರ ಕೈಯಲ್ಲಿಯೇ ಉಳಿಯಿತು. 1947ರ ಜುಲೈ ತಿಂಗಳಲ್ಲಿ ಅದು ಮೈಸೂರಿಗೆ ಸೇರಿತು. 1949ರಲ್ಲಿ ಪೇಟೆ ಮತ್ತು ದಂಡು ಎರಡೂ ಒಂದೇ ಕಾರ್ಪೊರೇಷನ್ನಿನ ಆಡಳಿತಕ್ಕೆ ಬಂದವು. ಸುಮಾರು 140 ವರ್ಷಗಳ ಕಾಲ ಒಂದು ಊರಿನಲ್ಲಿ ಎರಡು ಊರುಗಳಿದ್ದುವೆಂದರೆ ತಪ್ಪಾಗದು.

ಸೈನ್ಯವಿದ್ದಲ್ಲಿ ಧಾನ್ಯ ಬೇಕು, ಬಟ್ಟೆ ಬೇಕು, ತೊಗಲು ಬೇಕು, ಹೊಲಿಗೆ ಬೇಕು. ಇವನ್ನು ಒದಗಿಸಲು ಮದರಾಸಿನ ಕಡೆಯಿಂದ ತಮಿಳು ಮಾತಿನ ಮೊದಲಿಯಾರರು, ಪಿಳ್ಳೆಯವರು, ತೆಲುಗಿನ ನಾಯ್ಡುಗಳು ಬಂದರು. ಕಚ್ಛಿನಿಂದ ಮೇಮನ್ ವ್ಯಾಪಾರಿಗಳು, ಮುಂದೆ ಮಾರವಾಡಿ ಮತ್ತು ಗುಜರಾತಿ ವರ್ತಕರು, 1947ರ ದೇಶವಿಭಜನೆಯ ನಂತರ ಮನೆಮಠ ತೊರೆದ ಸಿಂಧಿಗಳು ಬಂದು ಅಂಗಡಿ ತೆರೆದರು. ನಾರಾಯಣ ಪಿಳ್ಳೆ ಬೀದಿ, ವೀರಪಿಳ್ಳೆ ಬೀದಿ, ಇಬ್ರಾಹಿಂ ಸಾಹೇಬ್ ಬೀದಿ, ಜುಮ್ಮಾ ಮಸೀದಿ ರಸ್ತೆ, ಡಿಸ್ಪೆನ್ಸರಿ ರಸ್ತೆ ಎಂಬ ಹೆಸರುಗಳನ್ನು ಮಕ್ಕಳಿಂದ ಓದಿಸಿದರೆ ಸಾಕು, ಇತಿಹಾಸದ ಒಂದು ಪಾಠವಾದಂತೆ. ಗಳಿಸಿದ್ದರಲ್ಲಿ ಒಂದು ಪಾಲನ್ನು ಊರಿಗೆ ಹಿಂದಿರುಗಿಸಿದವರೂ ಇವರಲ್ಲಿದ್ದರು. ಇಂದು ಉಚ್ಚ ನ್ಯಾಯಾಲಯವಿರುವ ಅಠಾರ ಕಚೇರಿಯ ಕಟ್ಟಡದ ಗುತ್ತಿಗೆ ಹಿಡಿದ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ದಂಡಿನಲ್ಲಿ ಬಡ ಮಕ್ಕಳಿಗೆ ಶಾಲೆ ತೆರೆದರು. ಮೇಮನ್ ವರ್ತಕರಾದ ಹಾಜಿ ಸರ್ ಇಸ್ಮಾಯಿಲ್ ಸೇಠರು ಸ್ತ್ರೀಯರಿಗಾಗಿ ಘೋಷಾ ಆಸ್ಪತ್ರೆಯನ್ನು ಕಟ್ಟಿಸಿಕೊಟ್ಟರು.

ಇನ್ನು ಪ್ರವಾಸದ ಸಿದ್ಧತೆ. ಎರಡು ದಿನಗಳಲ್ಲಿ ಲಾಲ್‌ಬಾಗ್, ವಿಧಾನಸೌಧ, ಬನ್ನೇರುಘಟ್ಟ ಎಲ್ಲವನ್ನೂ ಮುಗಿಸುತ್ತೇವೆಂಬ ಹಂಬಲವನ್ನು ಮೊದಲು ಬಿಡಬೇಕು. ಮನೆಯ ಅತಿ ಹಿರಿಯರು ಮತ್ತು ಅತಿ ಕಿರಿಯರು ಎಷ್ಟು ದೂರ ನಡೆಯಬಲ್ಲರೋ ಅಷ್ಟೇ ನಮ್ಮ ನಕ್ಷೆ. ಶನಿವಾರ ಬೀದಿ, ಭಾನುವಾರ ಕೆರೆ ಎಂದು ಹಂಚಿಕೊಂಡರೆ ಯಾರಿಗೂ ಆಯಾಸವಾಗದು. ಕೊಳ್ಳಬೇಕಾದವುಗಳ ಪಟ್ಟಿಯನ್ನು ಊರಿನಲ್ಲಿಯೇ ಬರೆದು, ಪ್ರತಿಯೊಂದರ ಮುಂದೆ ಮೊತ್ತವನ್ನು ನಮೂದಿಸಿ, ಬೀಗರೊಡನೆ ಮೊದಲೇ ಮಾತಾಡಿಕೊಳ್ಳುವುದು ಲೇಸು. ಅಂಗಡಿಯ ಗಾದಿಯ ಮೇಲೆ ಕುಳಿತು ಎರಡು ಮನೆಯವರು ಲೆಕ್ಕ ಹಾಕತೊಡಗಿದರೆ ಒಬ್ಬರ ಸಂಕೋಚ ಇನ್ನೊಬ್ಬರ ಸಾಲವಾಗುತ್ತದೆ. ಮತ್ತೊಂದು ಮಾತು: ಇಳಕಲ್ ಸೀರೆ, ಗುಳೇದಗುಡ್ಡದ ಖಣಗಳನ್ನು ಅಷ್ಟು ದೂರ ಹೋಗಿ ಹುಡುಕಬೇಕಾಗಿಲ್ಲ. ಅವು ನಮ್ಮ ನೇಕಾರರ ಮನೆಬಾಗಿಲಲ್ಲಿಯೇ ದೊರೆಯುತ್ತವೆ, ಆ ಹಣವೂ ನಮ್ಮ ಸೀಮೆಯಲ್ಲಿಯೇ ಉಳಿಯುತ್ತದೆ. ದಂಡಿಗೆ ಹೋಗಬೇಕಾದುದು ಸಿದ್ಧ ಉಡುಪು, ಹೊಂದಿಕೆಯ ರವಿಕೆ ಬಟ್ಟೆ, ಅಂಚು ಜರಿ, ಬಳೆ ಸರ, ಪಾದರಕ್ಷೆಗಳಿಗೆ.

ಉತ್ತರದ ಜಿಲ್ಲೆಗಳಿಂದ ರಾತ್ರಿಯ ರೈಲಿನಲ್ಲಿ ಬರುವವರು ಸಂಗೊಳ್ಳಿ ರಾಯಣ್ಣ ನಿಲ್ದಾಣದಲ್ಲಿ ಇಳಿದು, ವಸತಿಯಲ್ಲಿ ಸ್ನಾನ, ಲಿಂಗಪೂಜೆ, ಉಪಾಹಾರಗಳನ್ನು ಮುಗಿಸಿಕೊಂಡು ಹೊರಡಬಹುದು. 2011ರಲ್ಲಿ ಮೊದಲ ಹಂತ ಆರಂಭವಾದ ಮೆಟ್ರೋ ರೈಲಿನ ನೇರಳೆ ಮಾರ್ಗ ಈಗ ನಗರದ ಪಶ್ಚಿಮದಿಂದ ವೈಟ್‌ಫೀಲ್ಡ್‌ವರೆಗೂ ಓಡುತ್ತದೆ. ಅದರಲ್ಲಿ ಮಹಾತ್ಮ ಗಾಂಧಿ ರಸ್ತೆಯ ನಿಲ್ದಾಣದಲ್ಲಿ ಇಳಿದರೆ ಕಮರ್ಷಿಯಲ್ ಸ್ಟ್ರೀಟ್ ಉತ್ತರಕ್ಕೆ ಸುಮಾರು 1 ಕಿ.ಮೀ. ದೂರ. ಬಸ್ಸಿನಲ್ಲಿ ಹೋಗುವವರಿಗೆ ಶಿವಾಜಿನಗರದ ನಿಲ್ದಾಣ ಹತ್ತಿರ. 2023ರ ಜೂನ್‌ನಿಂದ ಜಾರಿಗೆ ಬಂದ ಶಕ್ತಿ ಯೋಜನೆಯ ಪ್ರಯೋಜನ ಪಡೆಯುವ ತಾಯಂದಿರು ಗುರುತಿನ ಚೀಟಿಯನ್ನು ಮರೆಯಬಾರದು. ಸ್ವಂತ ಕಾರಿನಲ್ಲಿ ಬರುವುದಂತೂ ಬೇಡ. ನಿಲ್ಲಿಸಲು ಜಾಗ ಹುಡುಕುವುದರಲ್ಲಿಯೇ ಅರ್ಧ ಹೊತ್ತು ಕಳೆಯುತ್ತದೆ.

ಅಂಗಡಿಗಳು ಹೊತ್ತೇರಿದ ಮೇಲೆ, ಸುಮಾರು 11 ಗಂಟೆಯ ಹೊತ್ತಿಗೆ ಪೂರ್ತಿ ತೆರೆಯುತ್ತವೆ. ಸಂಜೆ ಕಾಲಿಡಲು ಸ್ಥಳವಿರುವುದಿಲ್ಲ. ಆದುದರಿಂದ ಮಧ್ಯಾಹ್ನ 2 ಗಂಟೆಯೊಳಗೆ ಮುಖ್ಯವಾದವುಗಳನ್ನು ಮುಗಿಸುವುದು ಉಚಿತ. ಮುಖ್ಯ ಬೀದಿಯ ದೊಡ್ಡ ಅಂಗಡಿಗಳಲ್ಲಿ ಬೆಲೆ ನಿಶ್ಚಿತ. ಅಡ್ಡಬೀದಿಗಳಲ್ಲಿ ಚೌಕಾಶಿಗೆ ಅವಕಾಶವುಂಟು. ಚಿನ್ನ ಕೊಳ್ಳುವವರು ಒಡವೆಯ ಮೇಲಿನ ಹಾಲ್‌ಮಾರ್ಕ್ ಮುದ್ರೆಯನ್ನೂ, 2023ರ ಏಪ್ರಿಲ್‌ನಿಂದ ಕಡ್ಡಾಯವಾಗಿರುವ ಆರು ಅಕ್ಷರ-ಅಂಕೆಗಳ ಗುರುತನ್ನೂ ನೋಡಿ, ರಸೀದಿ ಪಡೆದೇ ಏಳಬೇಕು.

ಇಲ್ಲಿ ಯಾವ ಭಾಷೆಯಲ್ಲಿ ಮಾತಾಡಬೇಕೆಂದು ನಮ್ಮ ತಾಯಂದಿರು ಅಳುಕುವುದುಂಟು. ಕನ್ನಡದಲ್ಲಿಯೇ ಮಾತಾಡಿರೆಂದು ನಮ್ಮ ಬಿನ್ನಹ. ದಂಡಿನ ವ್ಯಾಪಾರಿಗಳು ಗಿರಾಕಿಯ ಮುಖ ನೋಡಿ ನಾಲ್ಕು ಭಾಷೆಗಳಲ್ಲಿ ಬೆಲೆ ಹೇಳಬಲ್ಲವರು. ಗಿರಾಕಿಯೇ ಹರಕು ಹಿಂದಿಗೆ ಇಳಿದರೆ ಅವರ ಕನ್ನಡ ಹೊರಬರುವುದಾದರೂ ಹೇಗೆ? ಆದರೆ ಉತ್ತರ ಬೇರೆ ಭಾಷೆಯಲ್ಲಿ ಬಂದರೆ ಮುಖ ಸಿಂಡರಿಸಬೇಕಾಗಿಲ್ಲ. ಕೈಸನ್ನೆಗೂ ನಗುಮುಖಕ್ಕೂ ಅಲ್ಲಿ ಬೆಲೆಯಿದೆ. ಕಲಬುರಗಿ, ವಿಜಯಪುರಗಳ ಓದುಗರಿಗಂತೂ ಶಿವಾಜಿನಗರದ ದಖನಿ ಮಾತು ತಮ್ಮ ಊರಿನ ಸಂತೆಯ ನೆನಪನ್ನೇ ತರುವುದು.

ಊಟವಾದ ಮೇಲೆ ಚೀಲಗಳನ್ನು ವಸತಿಗೆ ಕಳುಹಿಸಿ, ಬಿಸಿಲು ತಗ್ಗಿದ ಮೇಲೆ ಶಿವಾಜಿನಗರದ ಕಡೆ ನಡೆಯಬಹುದು. 1882ರಲ್ಲಿ ಈಗಿನ ರೂಪ ತಳೆದ ಸಂತ ಮೇರಿಯ ಬಸಿಲಿಕ ಅಲ್ಲಿದೆ. ಒಳಗಿನ ಮೇರಿಯಮ್ಮನ ಮೂರ್ತಿಗೆ ಸೀರೆ ಉಡಿಸುತ್ತಾರೆ! ಸೆಪ್ಟೆಂಬರ್ 8ರ ಹಬ್ಬದ ಮುಂಚಿನ ದಿನಗಳಲ್ಲಿ ಮತಭೇದವಿಲ್ಲದೆ ಜನ ಸೇರುವುದರಿಂದ ಆಗ ಹೋಗುವವರು ನೂಕುನುಗ್ಗಲಿಗೆ ಸಿದ್ಧರಿರಬೇಕು. ಹತ್ತಿರದಲ್ಲಿಯೇ 1927ರ ರಸೆಲ್ ಮಾರುಕಟ್ಟೆ. 2012ರ ಬೆಂಕಿ ಅನಾಹುತದ ತರುವಾಯವೂ ವ್ಯಾಪಾರಿಗಳು ಅದನ್ನು ಬಿಟ್ಟುಕೊಡಲಿಲ್ಲ. ಹೂವು ಹಣ್ಣುಗಳ ಸಾಲು ಕಣ್ಣಿಗೆ ಹಬ್ಬ. ಅದೇ ಪರಿಸರದಲ್ಲಿ ಮಾಂಸ, ಮೀನುಗಳ ಅಂಗಡಿಗಳೂ ಇವೆ. ಆ ಕಡೆ ಹೋಗಲೇಬೇಕೆಂಬ ಒತ್ತಾಯವಿಲ್ಲ. ಹಾದುಹೋಗಬೇಕಾಗಿ ಬಂದರೆ ಮೂಗು ಮುಚ್ಚಿಕೊಂಡು ಛೀ ಎನ್ನದಿರುವಂತೆ ಮಕ್ಕಳಿಗೆ ಮೊದಲೇ ತಿಳಿಹೇಳಬೇಕು. ನಮ್ಮ ಆಹಾರದ ನೇಮ ನಮ್ಮ ತಟ್ಟೆಗೆ ಸಂಬಂಧಿಸಿದ್ದು. ನೆರೆಯವರನ್ನು ಅಳೆಯುವ ಕೋಲಾಗಿ ಅದನ್ನು ಬಳಸಬಾರದು.

ಭಾನುವಾರ ಬೆಳಗ್ಗೆ ಮೆಟ್ರೋ ರೈಲಿನ ಹಲಸೂರು ನಿಲ್ದಾಣದಲ್ಲಿ ಇಳಿದರೆ ಸೋಮೇಶ್ವರ ದೇವಾಲಯ ಸಮೀಪ. ಚೋಳರ ಕಾಲದಿಂದ ಬಂದುದೆಂದು ಹೇಳಲಾಗುವ ಈ ಗುಡಿ ವಿಜಯನಗರದ ಕಾಲದಲ್ಲಿ ಕೆಂಪೇಗೌಡರ ವಂಶದವರಿಂದ ಬೆಳೆಯಿತು. ಇಷ್ಟಲಿಂಗಧಾರಿಗಳಾದ ನಮಗೆ ಸ್ಥಾವರದ ಹಂಗಿಲ್ಲವಾದರೂ ಶಿಲ್ಪಗಳನ್ನು ನೋಡಲು ಅಡ್ಡಿಯೇನು? ರಾವಣನು ಕೈಲಾಸವನ್ನೆತ್ತುವ ದೃಶ್ಯ ಅಲ್ಲಿದೆ. ಗಿರಿಜಾಕಲ್ಯಾಣವೂ ಇದೆ, ಮದುವೆಯ ಜವಳಿಗೆ ಬಂದವರು ಅದನ್ನು ನೋಡದೆ ಹೋಗಬಾರದು. ತಮಿಳು ನಾಡಿನ ಶಿವಭಕ್ತರಾದ ನಾಯನ್ಮಾರರ ಮೂರ್ತಿಗಳೂ ಅಲ್ಲಿವೆ. ಇವರೇ ನಮ್ಮ ಶರಣರು ಪುರಾತನರೆಂದು ನೆನೆದ ಅರುವತ್ತುಮೂವರು. ಹರಿಹರ ಕವಿ ಕನ್ನಡದಲ್ಲಿ ರಗಳೆಗಳನ್ನು ಬರೆದುದೂ ಇವರಲ್ಲಿ ಹಲವರ ಮೇಲೆಯೇ. ತಮಿಳರು ಹೊರಗಿನವರೆಂದು ಭಾವಿಸುವ ಮಗುವಿಗೆ ಈ ಕಂಬಗಳ ಮುಂದೆ ನಿಂತು ಇಷ್ಟನ್ನು ಹೇಳಿದರೆ ಸಾಕು.

ಅಲ್ಲಿಂದ ಕೆರೆ. ಸುಮಾರು 50 ಹೆಕ್ಟೇರ್ ಹರಹಿನ, ನಡುವೆ ಮರಗಳ ನಡುಗಡ್ಡೆಗಳುಳ್ಳ ಹಲಸೂರು ಕೆರೆ ಕೆಂಪೇಗೌಡರ ವಂಶದ ಕಾಲದ ಕಾಣಿಕೆ. ಬೆಳಗಿನ ಹೊತ್ತು ಅದರ ದಡದಲ್ಲಿ ನಡೆಯುವುದೇ ಒಂದು ಸುಖ. ದೋಣಿವಿಹಾರದ ಮಾತನ್ನು ಮಕ್ಕಳಿಗೆ ಮೊದಲೇ ಕೊಡದೆ ಅಲ್ಲಿ ವಿಚಾರಿಸಿ ನಿರ್ಧರಿಸಬಹುದು. ದಡದ ಬಳಿ ತಿರುವಳ್ಳುವರ್ ಅವರ ಪ್ರತಿಮೆಯಿದೆ. 1991ರಲ್ಲಿ ಸಿದ್ಧವಾಗಿದ್ದ ಆ ಪ್ರತಿಮೆ ಭಾಷಾ ವೈಮನಸ್ಯದ ಕಾರಣ 18 ವರ್ಷ ಮುಸುಕಿನಲ್ಲಿಯೇ ಇತ್ತು. 2009ರ ಆಗಸ್ಟ್ 9ರಂದು ಅದು ಅನಾವರಣಗೊಂಡಿತು. ನಾಲ್ಕು ದಿನಗಳ ತರುವಾಯ ಚೆನ್ನೈ ನಗರದ ಅಯನಾವರಂನಲ್ಲಿ ನಮ್ಮ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಿತು. ಎರಡು ಸಾಲಿನ ಕವಿ ಇಲ್ಲಿಗೆ ಬಂದ, ಮೂರು ಸಾಲಿನ ಕವಿ ಅಲ್ಲಿಗೆ ಹೋದ. ಇಂತಹ ಕೊಡುಕೊಳ್ಳುವಿಕೆಯಲ್ಲಿ ಎರಡೂ ನಾಡುಗಳಿಗೆ ಲಾಭವೇ ಆಯಿತು.

ಕೆರೆ ನಮಗೆ ಎಚ್ಚರಿಕೆಯನ್ನೂ ಹೇಳುತ್ತದೆ. 2016ರ ಮಾರ್ಚ್‌ನಲ್ಲಿ ಇಲ್ಲಿ ಸಾವಿರಾರು ಮೀನುಗಳು ಸತ್ತು ತೇಲಿದವು. ಚರಂಡಿಯ ನೀರು ಸೇರಿ ಕೆರೆಯಲ್ಲಿ ಆಮ್ಲಜನಕ ಕುಗ್ಗಿದರೆ ಮೀನು ಉಸಿರಾಡಲಾರದು. ಊರಿಗೆ ಮರಳಿದ ಮೇಲೆ ನಮ್ಮ ಕೆರೆಗೆ ಯಾವ ಗಟಾರ ಸೇರುತ್ತಿದೆ ಎಂದು ಮಕ್ಕಳು ಕೇಳಿದರೆ ಪ್ರವಾಸದ ಖರ್ಚು ಸಾರ್ಥಕ.

ಮಧ್ಯಾಹ್ನದ ಊಟಕ್ಕೆ ಕೆರೆಯ ಬಳಿ ಕೆನ್ಸಿಂಗ್ಟನ್ ರಸ್ತೆಯಲ್ಲಿರುವ ಸಿಖ್ಖರ ಗುರುದ್ವಾರವನ್ನು ಸೂಚಿಸುತ್ತೇವೆ. ತಲೆಗೆ ವಸ್ತ್ರ ಹೊದ್ದು, ಪಾದರಕ್ಷೆ ಕಳಚಿ, ಕೈಕಾಲು ತೊಳೆದು ಒಳಹೋಗಬೇಕು. ಭಾನುವಾರದ ಲಂಗರಿನಲ್ಲಿ ಬಡವ ಬಲ್ಲಿದರೆಂಬ ಭೇದವಿಲ್ಲದೆ ಎಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತು ಉಣ್ಣುತ್ತಾರೆ, ಅಡುಗೆ ಶಾಕಾಹಾರ. ಮಠದ ದಾಸೋಹವನ್ನು ಕಂಡ ನಮ್ಮ ಅಜ್ಜಿಯರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಉಂಡು ಏಳುವುದಕ್ಕಿಂತ, ನಮ್ಮ ಹುಡುಗರು ಸ್ವಲ್ಪ ಹೊತ್ತು ಬಡಿಸಲು ಅಥವಾ ತಟ್ಟೆ ತೊಳೆಯಲು ನಿಂತರೆ ಇನ್ನೂ ಚೆನ್ನು.

ಹೀಗೆ ಮೂರು ನಾಲ್ಕು ಕಿ.ಮೀ. ಹರವಿನಲ್ಲಿ ಗುಡಿ, ಮಸೀದಿ, ಚರ್ಚು, ಗುರುದ್ವಾರಗಳನ್ನು ಕಂಡು, ಬೇಕಾದ ಜವಳಿಯನ್ನೂ ತೆಗೆದು, ರಾತ್ರಿಯ ರೈಲಿಗೆ ಒಂದು ಗಂಟೆ ಮುಂಚಿತವಾಗಿ ನಿಲ್ದಾಣ ಸೇರಬಹುದು. ಮದುವೆಯ ಸೀರೆ ಪೆಟ್ಟಿಗೆ ಸೇರಿ ವರ್ಷಕ್ಕೊಮ್ಮೆ ಹೊರಬರುತ್ತದೆ. ಬೇರೆಯವರ ಪಂಕ್ತಿಯಲ್ಲಿ ಸಂಕೋಚವಿಲ್ಲದೆ ಕುಳಿತ ಮಗುವಿಗೆ ಆ ರೂಢಿ ಬಾಳಿನುದ್ದಕ್ಕೂ ಉಪಯೋಗಕ್ಕೆ ಬರುತ್ತದೆ. ಬಂಧುಗಳು ತಮ್ಮ ಮುಂದಿನ ಜವಳಿಯ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಮೀಸಲಿಡಲೆಂದು ಹಾರೈಸುತ್ತೇವೆ.