ತೊಗರಿ ಲೆಕ್ಕದಲ್ಲೊಂದು ಕಾರು

ನಮ್ಮೂರು ಕೋಡ್ಲಾ. ಸೇಡಂ ತಾಲೂಕು, ಕಲಬುರಗಿ ಜಿಲ್ಲೆ. ಸುತ್ತ ಸುಣ್ಣದ ಕಲ್ಲು, ಮೇಲೆ ಎರೆ ಮಣ್ಣು, ಮಣ್ಣಿನ ಮೇಲೆ ತೊಗರಿ. ರಸ್ತೆ ಮೇಲೆ ಸಿಮೆಂಟಿನ ಟ್ಯಾಂಕರು, ಕಲ್ಲಿನ ಲಾರಿ, ಟ್ರ್ಯಾಕ್ಟರು, ಅವುಗಳ ನಡುವೆ ಜೀವ ಕೈಲಿ ಹಿಡಿದು ಓಡುವ ಮೋಟಾರ್ ಸೈಕಲ್ಲುಗಳು. ಇಂಥಾ ಊರಿಗೆ ನಾನೊಂದು ಎರಡೇ ಸೀಟಿನ, ಮಾಡು ಬಿಚ್ಚಿಕೊಳ್ಳುವ ಮರ್ಸಿಡಿಸ್ ತಂದಿದ್ದೀನಿ ಅಂದ್ರೆ ನಗ್ತೀರಿ ಅಂತ ಗೊತ್ತು. ನಗಿ ಪರವಾಗಿಲ್ಲ, ಊರೇ ನಕ್ಕಾಗಿದೆ :-)

ಕಾರು ಎಸ್‌ಎಲ್‌ಕೆ 200 ಕಂಪ್ರೆಸರ್, 2009ರದ್ದು. ಹೈದರಾಬಾದಿನಲ್ಲಿ ಕೊಂಡಿದ್ದು 2019ರಲ್ಲಿ, ಅಂದ್ರೆ ಅದಕ್ಕೆ ಹತ್ತು ವರ್ಷ ತುಂಬಿದಾಗ. ಎಸ್‌ಎಲ್‌ಕೆ ಅನ್ನೋದು ಮೂರು ಜರ್ಮನ್ ಪದಗಳ ಮೊದಲಕ್ಷರ: ಸ್ಪೋರ್ಟಿ, ಹಗುರ, ಗಿಡ್ಡ. 1.8 ಲೀಟರಿನ ನಾಲ್ಕು ಸಿಲಿಂಡರ್ ಇಂಜಿನ್, ಅದಕ್ಕೆ ಗಾಳಿ ತುಂಬಲು ಸೂಪರ್‌ಚಾರ್ಜರ್, 184 ಕುದುರೆ. ಒಂದು ಗುಂಡಿ ಒತ್ತಿದರೆ ಲೋಹದ ಮಾಡು 22 ಸೆಕೆಂಡಿನಲ್ಲಿ ಮಡಿಚಿಕೊಂಡು ಡಿಕ್ಕಿಯೊಳಗೆ ಮಲಗುತ್ತದೆ. ಆಗ ಡಿಕ್ಕಿಯ ಜಾಗ 300 ಲೀಟರಿನಿಂದ 208ಕ್ಕೆ ಇಳಿಯುತ್ತದೆ. ಅವ್ವ ಕೊಡುವ ಜೋಳದ ಹಿಟ್ಟು, ಬೇಳೆ, ಶೇಂಗಾ ಹಿಂಡಿ ಎಲ್ಲಾ ಬರಬೇಕು ಅಂದ್ರೆ ಮಾಡು ಮುಚ್ಚಿಕೊಂಡೇ ಬರಬೇಕು.

ಮಸ್ಕತ್‌ನಲ್ಲಿ ಒಂಬತ್ತು ವರ್ಷ ಲೆಕ್ಕ ಬರೆದೆ. ಅಲ್ಲಿ ನಮ್ಮ ಆಫೀಸಿನ ಕೆಳಗೆ ದಿನಾ ಇಂಥದ್ದೇ ಒಂದು ಬೆಳ್ಳಿ ಬಣ್ಣದ್ದು ನಿಲ್ಲುತ್ತಿತ್ತು. ಯಾರದ್ದು ಅಂತ ಕೊನೆವರೆಗೂ ಗೊತ್ತಾಗಲಿಲ್ಲ. ವಾಪಸ್ ಬಂದು ಕಲಬುರಗಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಅದು ತಲೆಯಲ್ಲೇ ನಿಂತಿತ್ತು. ಕೈಲಿದ್ದ ದುಡ್ಡಿನಲ್ಲಿ ಮೊದಲು ಹೊಲದಲ್ಲಿ ಬೋರ್ ಕೊರೆಸಿದೆವು, ಅವ್ವನ ಕಣ್ಣಿನ ಆಪರೇಷನ್ ಆಯ್ತು, ಮನೆ ಮೇಲೆ ಎರಡು ಖೋಲಿ ಎದ್ದವು. ಉಳಿದಿದ್ದರಲ್ಲಿ 14 ಲಕ್ಷ ಕೊಟ್ಟು ಕಾರು ತಂದೆ. ಅದೇ ದುಡ್ಡಿಗೆ ಹೊಸ ಕ್ರೆಟಾ ಬರ್ತಿತ್ತು ಅಂತ ಸಿಕ್ಕವರೆಲ್ಲ ಹೇಳಿದರು. ಹೌದು, ಬರ್ತಿತ್ತು.

ನನ್ನ ತಮ್ಮ ಮಾತ್ರ ಕ್ರೆಟಾ ಮಾತೆತ್ತಲಿಲ್ಲ. ಅವನು ಊರಲ್ಲೇ ಇದ್ದು ಆರು ಎಕರೆ ನೋಡಿಕೊಳ್ಳುವವನು. ಕಾರಿನ ಸುತ್ತ ಒಂದು ಸುತ್ತು ಬಂದ. "ಎಷ್ಟ ಕೊಟ್ಟಿ ಅಣ್ಣಾ?" ಅಂದ. ಹೇಳಿದೆ. ಆ ವರ್ಷ ತೊಗರಿಯ ಬೆಂಬಲ ಬೆಲೆ ಕ್ವಿಂಟಾಲಿಗೆ 5,800 ರೂಪಾಯಿ. ಅವನು ಬೆರಳಿನಲ್ಲೇ ಎಣಿಸಿದ. ಇನ್ನೂರಾ ನಲವತ್ತು ಕ್ವಿಂಟಾಲು. ಎಕರೆಗೆ ನಾಲ್ಕರಂತೆ ನಮ್ಮ ಹೊಲದಲ್ಲಿ ವರ್ಷಕ್ಕೆ ಬರೋದು ಇಪ್ಪತ್ನಾಲ್ಕು. "ಹತ್ತ ವರ್ಷದ ರಾಶಿ ಅಂಗಳದಾಗ ನಿಂತದ ನೋಡವ್ವಾ" ಅಂದು ದನಕ್ಕೆ ಮೇವು ಹಾಕಲು ಹೋದ. ಸಿಟ್ಟಿನಿಂದ ಅಂದಿದ್ದಲ್ಲ. ಸಿಟ್ಟಿನಿಂದ ಅಂದಿದ್ದರೆ ಚೆನ್ನಾಗಿತ್ತು, ನಾನೂ ಏನೋ ಅನ್ನಬಹುದಿತ್ತು. ಅವತ್ತಿನಿಂದ ಕಾರಿನ ಪ್ರತಿ ಖರ್ಚನ್ನೂ ನಾನು ತೊಗರಿಯಲ್ಲೇ ಅಳೆಯೋದು. ಲೆಕ್ಕದವನಿಗೆ ಇಂಥಾ ಚಟ ಬೇಗ ಅಂಟುತ್ತೆ. ಮುಂದಿನ ಐದು ವರ್ಷ ಅವನು ಆ ಕಾರಿನಲ್ಲಿ ಕೂರಲಿಲ್ಲ. ಕರೆದಾಗಲೆಲ್ಲ ಏನಾದರೊಂದು ಕೆಲಸ ಇರುತ್ತಿತ್ತು.

ಅವ್ವ ಮಾತ್ರ ಮೊದಲನೇ ದಿನವೇ ಕೂತಳು. "ಕುಂದರ್ಲಾಕ ಬರ್ತದ ಖರೆ, ಏಳ್ಲಾಕ ಹೆಂಗೋ ತಮ್ಮಾ?" ಮಾಡು ಬಿಚ್ಚಿ, ಎರಡೂ ಕೈ ಹಿಡಿದು, ಬಾವಿಯಿಂದ ಕೊಡ ಎಳೆದ ಹಾಗೆ ಎಬ್ಬಿಸಿದೆ.

ಇನ್ನು ಕಾಗದ ಪತ್ರದ ಕಥೆ. ಹಳೇ ಐಷಾರಾಮಿ ಕಾರು ಕೊಳ್ಳುವವರು ಕಾರಿನ ಬೆಲೆ ನೋಡ್ತಾರೆ, ಇದನ್ನು ನೋಡಲ್ಲ. ಕಾರಿನ ನಂಬರು ಎಪಿ 09, ತೆಲಂಗಾಣ ಹುಟ್ಟುವ ಮೊದಲಿನದು. ಬೇರೆ ರಾಜ್ಯದ ಗಾಡಿ ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇರುತ್ತದಾದರೆ ಇಲ್ಲಿಯ ನಂಬರು ತಗೋಬೇಕು ಅಂತ ಮೋಟಾರು ವಾಹನ ಕಾಯಿದೆಯ 47ನೇ ಕಲಮು ಹೇಳುತ್ತೆ. ಮೊದಲು ಅಲ್ಲಿಂದ 28ನೇ ನಮೂನೆಯಲ್ಲಿ ನಿರಾಕ್ಷೇಪಣಾ ಪತ್ರ. ಆಮೇಲೆ ಇಲ್ಲಿ ಜೀವಾವಧಿ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ಮೀರಿದ ಕಾರಿಗೆ ಹೊಸದಾದರೆ ಶೇಕಡಾ 18, ಮೇಲೆ ಸೆಸ್ಸು ಬೇರೆ. ಹಳೆಯದಾದರೆ ವಯಸ್ಸು ನೋಡಿ ಇಳಿಸುತ್ತಾರೆ. ಆದರೆ ಲೆಕ್ಕ ಹಿಡಿಯೋದು ಕಾರಿನ ಮೂಲ ಬೆಲೆಯ ಮೇಲೆ, ನಾನು ಕೊಟ್ಟ 14 ಲಕ್ಷದ ಮೇಲಲ್ಲ. ನಾನು ಇದನ್ನು ಮೊದಲೇ ಗುಣಿಸಿ ಬದಿಗಿಟ್ಟಿದ್ದೆ. ಹಾಗೆ ಇಡದವರು ಎಷ್ಟೋ ಜನ ಹೊರ ರಾಜ್ಯದ ನಂಬರಿನಲ್ಲೇ ಪೊಲೀಸರನ್ನು ಕಂಡಾಗ ಗಲ್ಲಿ ಹಿಡಿಯುತ್ತಾ ವರ್ಷಗಟ್ಟಲೆ ಓಡಿಸ್ತಾರೆ. ನಮ್ಮದು ಕೆಎ 32 ಆಯ್ತು. ಅಪ್ಪ ಶಹಾಬಾದಿನ ಕಲ್ಲು ಹೊರುವ ಲಾರಿ ಓಡಿಸುತ್ತಿದ್ದಾಗಲೂ ಅದೇ ಕೆಎ 32. ಯಾಕೋ ಆ ಬೋರ್ಡು ಹಚ್ಚಿದ ದಿನವೇ ಕಾರು ನಂದು ಅನ್ನಿಸಿದ್ದು.

ಈ ಕಾರಿನಲ್ಲಿ ಒಂದು ವಿಶೇಷ ಸೌಲಭ್ಯ ಇದೆ. ಸೀಟಿನ ತಲೆದಿಂಬಿನಿಂದ ಕತ್ತಿಗೆ ಬೆಚ್ಚನೆ ಗಾಳಿ ಊದುತ್ತೆ! ಚಳಿಯಲ್ಲೂ ಮಾಡು ಬಿಚ್ಚಿ ಓಡಾಡಲಿ ಅಂತ ಜರ್ಮನಿಯವರು ಪ್ರೀತಿಯಿಂದ ಮಾಡಿದ್ದು. ಮೇ ತಿಂಗಳಲ್ಲಿ ಸೇಡಂ ರಸ್ತೆಯಲ್ಲಿ 43 ಡಿಗ್ರಿ ಇದ್ದಾಗ ಅದೇ ಸೌಲಭ್ಯ ಎಲ್ಲರಿಗೂ ಪುಕ್ಕಟೆ. ನಿಜ ಹೇಳಬೇಕಂದ್ರೆ ಇಲ್ಲಿ ಮಾಡು ತೆರೆದು ಓಡಿಸುವ ದಿನಗಳು ನವೆಂಬರಿನಿಂದ ಜನವರಿವರೆಗೆ, ಅದೂ ಬೆಳಗಿನ ಏಳರೊಳಗೆ. ಎಂಟರ ಮೇಲೆ ಲಾರಿಗಳ ಧೂಳು. ಸುಣ್ಣಕಲ್ಲಿನ ಧೂಳು ಹಿಟ್ಟಿನಷ್ಟು ನುಣುಪು. ಮಾಡಿನ ಕೀಲು, ರಬ್ಬರು, ಗಾಜಿನ ಸಂದಿ ಎಲ್ಲೆಲ್ಲೂ ಹೋಗಿ ಕೂರುತ್ತೆ. ಮೆತ್ತನೆ ಬ್ರಷ್ಷಿನಿಂದ ಕೊಡವಿ, ರಬ್ಬರಿಗೆ ಸಿಲಿಕೋನ್ ಹಚ್ಚೋದು ನನ್ನ ಭಾನುವಾರದ ಪೂಜೆ. ಒದ್ದೆ ಬಟ್ಟೆ ತಾಗಿಸಬಾರದು, ಗಾರೆ ಆಗುತ್ತೆ.

ನೆಲದಿಂದ ಎತ್ತರ ಅರ್ಧ ಗೇಣಿಗಿಂತ ಚೂರು ಜಾಸ್ತಿ. ಪ್ರತಿ ಉಬ್ಬನ್ನೂ ಓರೆಯಾಗಿ ಹತ್ತಬೇಕು, ಮದುಮಗಳು ಹೊಸ್ತಿಲು ದಾಟಿದ ಹಾಗೆ. ಆಗಸ್ಟ್ ಸೆಪ್ಟೆಂಬರಿನಲ್ಲಿ ಹೆಸರು, ಉದ್ದು ಕಿತ್ತು ರಸ್ತೆ ಮೇಲೆ ಹರವುತ್ತಾರಲ್ಲ, ಗಾಡಿ ಹಾಯ್ದು ಕಾಳು ಉದುರಲಿ ಅಂತ, ಆಗ ನನಗೆ ನಿಜವಾದ ಹೆದರಿಕೆ. ಕಾರಿನ ಕೆಳಗಿನ ಸೈಲೆನ್ಸರ್ ಕೊಳವೆ, ಹೊಗೆ ಶುದ್ಧಿ ಮಾಡುವ ಡಬ್ಬಿ ನೂರಾರು ಡಿಗ್ರಿ ಕಾದಿರುತ್ತವೆ. ಒಣ ಹೊಟ್ಟು ಅಚ್ಚಿಗೆ ಸುತ್ತಿಕೊಂಡು ಅದಕ್ಕೆ ತಾಗಿದರೆ ಬೆಂಕಿ. ದೊಡ್ಡ ಕಾರುಗಳೇ ಹೀಗೆ ಸುಟ್ಟು ಹೋಗಿವೆ. ಹಾಗಾಗಿ ದೂರದಲ್ಲೇ ನಿಲ್ಲಿಸಿ ಇಳಿದು, ಕೈಮುಗಿದು, ಸ್ವಲ್ಪ ಜಾಗ ಬಿಡ್ರೀ ಅಂತೀನಿ. ಹೆಣ್ಮಕ್ಕಳು ಮೊರ ಬಿಟ್ಟು ನಗುತ್ತಾ ಬದಿಗೆ ಸರಿಸುತ್ತಾರೆ. "ಎಲ್ಲಾ ಗಾಡಿ ಹಾಯ್ತಾವ, ನಿಂದ್ಯಾಕಪಾ ಹಿಂಗ?"

2020ರ ಅಕ್ಟೋಬರಿನಲ್ಲಿ ಕಾಗಿಣಾ ಉಕ್ಕಿ ಮಳಖೇಡದ ಸೇತುವೆ ಮುಳುಗಿತು. ಕಾರು ಕಲಬುರಗಿ ದಡದಲ್ಲಿ, ನಾನೂ ಅಲ್ಲೇ. ರಾಷ್ಟ್ರಕೂಟರ ರಾಜಧಾನಿ ಇದ್ದ ಊರು ಕಣ್ರೀ ಮಳಖೇಡ. ಇಲ್ಲಿ ಕೂತು ನರ್ಮದೆಯಾಚೆವರೆಗೂ ದಂಡು ಕಳಿಸಿದವರು ಅವರು. ನನಗೆ ಒಂದು ಹೊಳೆ ದಾಟಲಾಗದೆ ಕಾರನ್ನು ಗೆಳೆಯನ ಮನೆಯಲ್ಲಿ ಬಿಟ್ಟು ಕೂರಬೇಕಾಯ್ತು.

ಮರುವರ್ಷ ಜುಲೈನಲ್ಲಿ ಇದಕ್ಕಿಂತ ದೊಡ್ಡ ಪ್ರಸಂಗ. ನಮ್ಮ ಮನೆಗೆ ತಿರುಗುವ ಕಡೆಯ ತುಣುಕು ಎರೆ ದಾರಿ. ಮಳೆ ಬಂದರೆ ಎರೆ ಹೇಗೆ ಅಂತ ಈ ಕಡೆಯವರಿಗೆ ಹೇಳಬೇಕಿಲ್ಲ, ಚಪ್ಪಲಿ ಕಿತ್ತು ಇಟ್ಟುಕೊಳ್ಳುತ್ತೆ. ಹಿಂದಿನ ಗಾಲಿ ತಿರುಗುವ ಕಾರು, ಅಗಲ ಟೈರು, 184 ಕುದುರೆ ಸೇರಿ ಗುಂಡಿ ತೋಡಿದವು. ಟ್ರ್ಯಾಕ್ಟರು ಬಾಡಿಗೆಗೆ ಹೋಗಿತ್ತು. ತಮ್ಮ ಎತ್ತು ಹೊಡಕೊಂಡು ಬಂದ. ಬಂಪರಿಗೆ ಹಗ್ಗ ಕಟ್ಟುವಂತಿಲ್ಲ. ಡಿಕ್ಕಿಯಲ್ಲಿ ಒಂದು ಕೊಂಡಿ ಇರುತ್ತೆ, ಬಂಪರಿನ ಚಿಕ್ಕ ಮುಚ್ಚಳ ತೆಗೆದು ಅದನ್ನು ತಿರುಗಿಸಿ ಕೂರಿಸಬೇಕು. ನಾನು ಮಳೆಯಲ್ಲಿ ಮುಚ್ಚಳ ಹುಡುಕುವಷ್ಟರಲ್ಲಿ ಅವನು ಮನೆಯಿಂದ ಗೋಣಿಚೀಲ ತಂದು ಹಗ್ಗಕ್ಕೆ ಸುತ್ತಿದ. ಯಾಕೋ ಅಂದೆ. "ಬಣ್ಣ ಕೆತ್ತಿ ಹೋದೀತು" ಅಂದ. ಎತ್ತುಗಳ ಕಿವಿಯಲ್ಲಿ ಏನೋ ಹೇಳಿದ, ಎರಡೇ ಎಳೆತಕ್ಕೆ ಕಾರು ಹೊರಗೆ. ಮರ್ಸಿಡಿಸ್ಸನ್ನು ಎತ್ತು ಎಳೆದ ಫೋಟೋ ಮೂರು ವಾಟ್ಸಾಪ್ ಗುಂಪುಗಳಲ್ಲಿ ಸುತ್ತಿ ಕೊನೆಗೆ ನನಗೇ ಬಂತು.

ಸರ್ವಿಸಿಗೆ ಹೈದರಾಬಾದೇ ಗತಿ. ರಿಬ್ಬನಪಲ್ಲಿ ಗಡಿ, ಕೊಡಂಗಲ್, ಪರಿಗಿ, ಚೇವೆಳ್ಳ. ಅಲ್ಲಿ ರಸ್ತೆಯ ಎರಡೂ ಕಡೆ ನೂರಾರು ಆಲದ ಮರಗಳು. ರಸ್ತೆ ಅಗಲ ಮಾಡುವ ಯೋಜನೆ ಬಂದಾಗ ಅವುಗಳ ಸಲುವಾಗಿ ಜನ ಹಸಿರು ನ್ಯಾಯಪೀಠದವರೆಗೂ ಹೋದರು. ಡಿಸೆಂಬರ್ ಬೆಳಗು, ತೆರೆದ ಮಾಡು, ತಲೆ ಮೇಲೆ ಆಲದ ಬಿಳಲು. ಕಾರಿಗೆ ಕೊಟ್ಟ ದುಡ್ಡೆಲ್ಲ ನನಗೆ ವಾಪಸ್ ಬಂದಿರೋದು ಆ ಕೆಲವು ಮೈಲಿಗಳಲ್ಲೇ. ಒಮ್ಮೆ ಸರ್ವಿಸಿಗೆ ಬಿಟ್ಟು ಚೌಮಹಲ್ಲಾ ಅರಮನೆಗೆ ಹೋಗಿದ್ದೆ. ನಿಜಾಮರ 1912ರ ಹಳದಿ ರೋಲ್ಸ್ ರಾಯ್ಸ್ ಇದೆ ಅಲ್ಲಿ. ಆರ್ಡರ್ ಕೊಟ್ಟ ಆರನೇ ನಿಜಾಮ 1911ರಲ್ಲೇ ತೀರಿಕೊಂಡ, ಕಾರು ಬಂದಿದ್ದು ಆಮೇಲೆ. ಅದು ಓಡಿದ್ದೂ ಬಹಳ ಕಮ್ಮಿ. 1948ರವರೆಗೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಎಲ್ಲಾ ಅವರ ಸಂಸ್ಥಾನದ್ದೇ ತಾನೇ? ಆ ಹಳದಿ ಬಣ್ಣದಲ್ಲಿ ನಮ್ಮ ಮುತ್ತಜ್ಜನ ಜೋಳದ ಪಾಲು ಎಷ್ಟಿರಬಹುದು ಅಂತ ಯೋಚನೆ ಬಂತು. ಲೆಕ್ಕದ ಚಟ ಅಂದೆನಲ್ಲ.

2022ರಲ್ಲಿ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಹೂವು ಕಾಯಿ ಹಿಡಿದು ನಿಂತ ಗಿಡ ನೋಡನೋಡುತ್ತಾ ಒಣಗಿ ಹೋಗುತ್ತಿತ್ತು. ಆರು ಎಕರೆಗೆ ನಮಗೆ ಸಿಕ್ಕಿದ್ದು ಏಳು ಕ್ವಿಂಟಾಲು. ತಮ್ಮನ ಮೇಲೆ ಬೀಜ, ಗೊಬ್ಬರ, ಔಷಧದ ಸಾಲ. ಹೈದರಾಬಾದಿನ ಒಬ್ಬ ದಲ್ಲಾಳಿ ಅದೇ ವಾರ ಫೋನ್ ಮಾಡಿ ಕಾರಿಗೆ ಒಂಬತ್ತು ಲಕ್ಷ ಅಂದ. ರಾತ್ರಿ ಊಟಕ್ಕೆ ಕೂತಾಗ ಈ ವಿಷಯ ಹೇಳಿದೆ. ತಮ್ಮ ತಲೆ ಎತ್ತಲಿಲ್ಲ. ರೊಟ್ಟಿ ಮುರಿಯುತ್ತಾ, "ಮಾರೋದು ಬಿಡೋದು ನಿನಗ ಬಿಟ್ಟದ್ದು. ನನ್ನ ಸಾಲಕ್ಕ ಮಾರಬ್ಯಾಡ" ಅಂದ. ಅವ್ವ ಅಂದಳು, "ನಿಮ್ಮಪ್ಪ ಎರಡ ಸಲ ಹೊಲ ಮಾರ್ಯಾನ. ಮಾರಿದ್ದು ಒಮ್ಮೀನೂ ತಿರುಗಿ ಬರಲಿಲ್ಲ." ನಾನು ಮಾರಲಿಲ್ಲ. ಸಾಲದ ಅರ್ಧ ನನ್ನ ಸಂಬಳದಿಂದ ಕಂತಿನ ಮೇಲೆ ಕಟ್ಟಿದೆ, ಅರ್ಧ ಅವನು ತೀರಿಸಿದ. ಒಂಬತ್ತು ಲಕ್ಷ ಬಂದಿದ್ದರೆ ಒಂದೇ ದಿನದಲ್ಲಿ ಮುಗೀತಿತ್ತು, ನಿಜ. ಆದರೆ ಆ ಮನೆಯಲ್ಲಿ ಆಮೇಲೆ ನಾವಿಬ್ಬರೂ ಕೂತು ಉಣ್ಣೋದು ಹೇಗಿರ್ತಿತ್ತು ಅಂತ ಯೋಚಿಸಿದರೆ ನನಗೆ ಇವತ್ತಿಗೂ ಕಂತೇ ಸರಿ ಅನ್ನಿಸುತ್ತೆ.

ಪೆಟ್ರೋಲಿನದ್ದು ಬೇರೆ ರಗಳೆ. ಕಾರಿಗೆ 95 ಆಕ್ಟೇನ್ ಬೇಕು. ಸಾದಾ ಪೆಟ್ರೋಲು 91 ಇದ್ದಾಗ ಕಲಬುರಗಿಯಲ್ಲೇ ತುಟ್ಟಿಯದ್ದು ತುಂಬಿಸಿಕೊಂಡು ಹೊರಡುತ್ತಿದ್ದೆ. 2025ರ ಹೊತ್ತಿಗೆ ದೇಶದ ತುಂಬಾ ಶೇಕಡಾ 20 ಎಥೆನಾಲ್ ಬೆರೆತದ್ದು ಬಂತು, ಅದರ ಆಕ್ಟೇನ್ 95 ಅಂತ ಸರಕಾರ ಹೇಳಿತು. ಆಕ್ಟೇನಿನ ಚಿಂತೆ ಹೋಗಿ ರಬ್ಬರಿನ ಚಿಂತೆ ಹತ್ತಿತು. 2009ರ ಕಾರಿನ ಪೈಪು, ಸೀಲುಗಳು ಇಷ್ಟು ಎಥೆನಾಲ್ ಕಾಣಲಿ ಅಂತ ಮಾಡಿದವಲ್ಲ. ಮೇಲಾಗಿ ಎಥೆನಾಲ್ ಗಾಳಿಯ ನೀರನ್ನು ಹೀರುತ್ತೆ, ವಾರಗಟ್ಟಲೆ ನಿಲ್ಲುವ ಕಾರಿಗೆ ಒಳ್ಳೇದಲ್ಲ. ನಾನು ಟ್ಯಾಂಕನ್ನು ತುಂಬಿಯೇ ಇಡ್ತೀನಿ, ಹದಿನೈದು ದಿನಕ್ಕೊಮ್ಮೆ ಓಡಿಸಿಯೇ ಓಡಿಸ್ತೀನಿ, ಪೈಪು ಬದಲಾಯಿಸಿದ್ದೀನಿ. ಇದನ್ನೆಲ್ಲ ತಮ್ಮನಿಗೆ ವಿವರಿಸಿದರೆ, "ಕಬ್ಬಿನವರದ್ದು ನಿನ್ನ ಕಾರು ಕುಡೀತದ. ತೊಗರಿಯವರದ್ದು ಯಾರು ಕುಡೀಬೇಕು?" ಅಂದ. ಉತ್ತರ ಇದ್ದರೆ ನೀವು ಹೇಳಿ.

ಇದಕ್ಕೂ ಮೊದಲು, 2024ರಲ್ಲಿ, ಕಾರಿಗೆ ಹದಿನೈದು ತುಂಬಿ ನೋಂದಣಿ ನವೀಕರಣದ ಸಮಯ ಬಂದಿತ್ತು. 2022ರ ಏಪ್ರಿಲ್‌ನಿಂದ ಸಾದಾ ಕಾರಿಗೆ ಶುಲ್ಕ 5,000, ಆಮದು ಕಾರಿಗೆ 40,000. ಆ ವರ್ಷ ತೊಗರಿ ಹತ್ತು ಸಾವಿರ ದಾಟಿತ್ತು, ಅಂದ್ರೆ ನಾಲ್ಕು ಕ್ವಿಂಟಾಲು. ಹೋಗುವ ದಿನ ಬೆಳಿಗ್ಗೆ ನೋಡಿದರೆ ತಮ್ಮ ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿ ಕಾರಿನ ಪಕ್ಕ ನಿಂತಿದ್ದ. ಮಾರ್ಕೆಟ್ಟಿಗೆ ಹೋಗೋದಿದೆ, ಬರ್ತೀನಿ ಅಂದ. ಐದು ವರ್ಷದಲ್ಲಿ ಮೊದಲ ಸಲ. ಒಳಗೆ ಇಳಿದು ಕೂತವನು ಸೇಡಂ ದಾಟುವವರೆಗೆ ಮಾತಾಡಲಿಲ್ಲ. ಮಳಖೇಡದ ಹತ್ತಿರ, "ಅದು ಬಿಚ್ತದಂತಲ್ಲ?" ಅಂದ. ಬಿಚ್ಚಿದೆ. ಕೋಟೆ ದಾಟಿ ಹೊಳೆ ಬಂತು. ಅವನು ಮೇಲೆ ನೋಡ್ತಾ ಇದ್ದ, ನಾನು ರಸ್ತೆ.

ಇನ್‌ಸ್ಪೆಕ್ಟರು ಚಾಸಿ ನಂಬರು, ದೀಪ, ಹಾರ್ನು, ವೈಪರು ನೋಡಿದರು. ಮಾಡನ್ನು ಮೂರು ಸಲ ನೋಡಿದರು, ಅದು ಪರೀಕ್ಷೆಯಲ್ಲಿ ಇರಲಿಲ್ಲ :-) ವಾಪಸ್ ಬರುವಾಗ ತಮ್ಮ ಓಡಿಸಿದ. ಗೇರಿಲ್ಲದ ಗಾಡಿ, ಅವನ ಎಡಗಾಲು ಕ್ಲಚ್ ಹುಡುಕಿ ಬ್ರೇಕ್ ತುಳಿಯಿತು. ಇಬ್ಬರೂ ಗಾಜಿಗೆ ಮುಖ ಕೊಟ್ಟು ಬಂದೆವು. ಆಮೇಲೆ ಎಡಗಾಲನ್ನು ಮಡಿಚಿ ಸೀಟಿನ ಕೆಳಗೆ ಇಟ್ಟುಕೊಂಡ.

ಈಗ 2029ರವರೆಗೆ ಕಾಗದ ಸರಿ ಇದೆ. ಇಪ್ಪತ್ತು ದಾಟಿದ ಆಮದು ಕಾರಿಗೆ 2025ರ ಆಗಸ್ಟಿನಲ್ಲಿ ಶುಲ್ಕವನ್ನು 80,000ಕ್ಕೆ ಏರಿಸಿದ್ದಾರೆ. 2025-26ರ ಬೆಂಬಲ ಬೆಲೆ 8,000ದಲ್ಲಿ ಅದು ಸರಿಯಾಗಿ ಹತ್ತು ಕ್ವಿಂಟಾಲು. ಅದನ್ನು ಆಗ ನೋಡೋಣ. ಸದ್ಯಕ್ಕೆ ಹಿಂದಿನ ಎಡ ಟೈರು ಸವೆದಿದೆ. ಈ ಸೈಜು ಕಲಬುರಗಿಯಲ್ಲಿ ಸಿಗ್ತಿಲ್ಲ. ತಮ್ಮ ಮುಂದಿನ ವಾರ ಹೈದರಾಬಾದಿಗೆ ಹೋಗುವವನಿದ್ದಾನೆ, ತಾನೇ ತರ್ತೀನಿ ಅಂತ ಬೀಜದ ಅಂಗಡಿಯ ಚೀಟಿ ಹಿಂದೆ ಬರೆದುಕೊಂಡಿದ್ದಾನೆ: 245/40 ಆರ್ 17, ಎರಡು.